ಸ್ಕ್ರೂ ‘ಮುರಿಯಿತು’ ಅನ್ನಬೇಕಾ ‘ಮುರ್ಕೊಂಡಿತು’ ಅನ್ನಬೇಕಾ? ಪೈಲಟ್ ಹೋಲಿಗೆ ಕನ್ನಡದಲ್ಲಿ ಏನು?

ಎಲ್ರಿಗೂ ನಮಸ್ಕಾರ. ಗಿಟಾರ್ ಕಟ್ಟೋದನ್ನ ಹೊಸದಾಗಿ ಕಲೀತಿರೋರಿಗೆ ಅಂತ ಒಂದು ಟಿಪ್ಪಣಿ ಬರೀತಾ ಇದೀನಿ, ಸ್ಕ್ರೂ ಮುರಿದು ಮರದೊಳಗೇ ಉಳಿದ್ರೆ ಹೇಗೆ ತೆಗೀಬೇಕು, ಮುರೀದೇ ಇರೋಕೆ ಏನ್ ಮಾಡ್ಬೇಕು ಅಂತ. ಕೆಲಸ ಗೊತ್ತು, ಪದಗಳ ಹತ್ರ ಬಂದು ನಿಂತಿದೀನಿ.

ಮೊದಲ್ನೇದು ತಲೆ. ‘ತಲೆಯ ಹಿಂದೆ ಟ್ಯೂನರ್ ಕೂರಿಸುವಾಗ ತಲೆ ಮುರಿದರೆ ಗಾಬರಿಯಾಗಬೇಡಿ’ ಅಂತ ಬರ್ದಿದ್ದೆ (ಟ್ಯೂನರ್ ಅಂದ್ರೆ ತಂತಿ ಬಿಗಿಯೋ ಕೀಲಿ), ಓದಿದ ಗೆಳೆಯರು ಗಿಟಾರ್ ತಲೆನೇ ಮುರೀತಾ ಅಂದ್ರು. ಗಿಟಾರಿಗೂ ತಲೆ, ಕತ್ತು ಇದೆ, ಸ್ಕ್ರೂಗೂ ತಲೆ ಇದೆ, ಆ ತಲೆಯ ಕೆಳಗಿನ ಭಾಗಾನೂ ನಾವು ಕತ್ತು ಅಂತಾನೇ ಅಂತೀವಿ, ಮುರಿಯೋದು ಹೆಚ್ಚಾಗಿ ಅಲ್ಲೇ. ಹಾಗಾಗಿ ಗಿಟಾರಿಗೆ ಹೆಡ್‌ಸ್ಟಾಕ್, ನೆಕ್ ಅಂತ ಬಿಟ್ಟು ಸ್ಕ್ರೂಗೆ ಮಾತ್ರ ತಲೆ ಇಟ್ಕೊಂಡೆ.

ಇನ್ನು ಕ್ರಿಯಾಪದ. ಬರೀ ‘ಸ್ಕ್ರೂ ಮುರಿಯಿತು’ ಅಂದ್ರೆ ಎರಡು ತುಂಡಾಯ್ತು ಅಂತಷ್ಟೇ ಆಗತ್ತೆ, ಒಂದು ತುಂಡು ಒಳಗೇ ಉಳೀತು ಅನ್ನೋದು ಬರಲ್ಲ. ಆದ್ರೆ ಕಾಲಲ್ಲಿ ಮುಳ್ಳು ಮುರ್ಕೊಂಡಿದೆ ಅಂತೀವಲ್ಲ, ಅಲ್ಲಿ ಅರ್ಧ ಒಳಗೇ ಇದೆ ಅನ್ನೋದು ಪದದಲ್ಲೇ ಸೇರಿದೆ. ಅದಕ್ಕೆ ‘ಸ್ಕ್ರೂ ಮುರ್ಕೊಂಡಿದೆ’ ಅಂತಾನೇ ಬರೀತಿದೀನಿ, ಉಳಿದ ತುಂಡಿಗೆ ‘ಮೋಟು’ ಅಂತ. ಇದು ನಿಮಗೆ ಸರಿ ಕೇಳತ್ತಾ?

ನಿಜವಾಗ್ಲೂ ಕಷ್ಟ ಆಗಿರೋದು ಪೈಲಟ್ ಹೋಲ್, ಅಂದ್ರೆ ಸ್ಕ್ರೂ ಹಾಕೋಕೆ ಮುಂಚೆ ಮರದಲ್ಲಿ ಕೊರೆಯೋ ಸಣ್ಣ ತೂತು. ಟ್ಯೂನರ್ ಸ್ಕ್ರೂ ತೀರಾ ಸಣ್ಣದು, ನನ್ನ ಹತ್ರ ಇರೋದ್ರಲ್ಲಿ ಥ್ರೆಡ್ (ಸ್ಕ್ರೂ ಮೈಮೇಲಿನ ಸುರುಳಿ ಏಣು) ಸೇರಿಸಿ ಅಳೆದ್ರೆ 2.2 ಮಿ.ಮೀ, ಥ್ರೆಡ್ ಬಿಟ್ಟು ನಡುವಿನ ಗಟ್ಟಿ ಭಾಗ ಅಳೆದ್ರೆ 1.5 ಮಿ.ಮೀ, ಇದಕ್ಕೆ ಮೇಪಲ್ ಥರದ ಗಟ್ಟಿ ಮರದಲ್ಲಿ 1.6 ಮಿ.ಮೀ ಡ್ರಿಲ್ ಬಿಟ್ ಹಾಕ್ತೀನಿ. ತೂತು ಚಿಕ್ಕದಾದ್ರೆ ಅಥವಾ ಸ್ಕ್ರೂ ಉದ್ದಕ್ಕಿಂತ ಆಳ ಕಮ್ಮಿಯಾದ್ರೆ ಕೊನೇ ಎರಡು ಸುತ್ತಲ್ಲಿ ಲೋಹ ತಿರುಚಿಕೊಂಡು ತಲೆ ಕೈಗೆ ಬರತ್ತೆ, ಹಿತ್ತಾಳೆ ಸ್ಕ್ರೂ ಆದ್ರಂತೂ ಕೇಳೋದೇ ಬೇಡ, ಅದು ಉಕ್ಕಿಗಿಂತ ಮೆತ್ತಗೆ. ಅದಕ್ಕೇ ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂಗೆ ಜೇನುಮೇಣ ಸವರಿ ಒಂದ್ಸಲ ಒಳಗೆ ಹಾಕಿ ತೆಗೆದು, ಆಮೇಲೆ ಹಿತ್ತಾಳೇದು ಹಾಕೋದು. ಹೀಗಿರುವಾಗ ಈ ತೂತಿಗೆ ‘ಮುಂತೂತು’ ಅಂದ್ರೆ ಮುಂದಗಡೆ ಇರೋ ತೂತು ಅಂತ ಅನ್ಸತ್ತೆ, ‘ಮಾರ್ಗದರ್ಶಿ ರಂಧ್ರ’ ಅನ್ನೋದು ಕೈಯಲ್ಲಿ ಡ್ರಿಲ್ ಹಿಡ್ಕೊಂಡಿರೋರ ಬಾಯಲ್ಲಿ ಬರೋ ಮಾತೇ ಅಲ್ಲ. ನನಗೆ ‘ದಾರಿ ತೂತು’ ಹಿಡಿಸಿದೆ, ಸ್ಕ್ರೂಗೆ ದಾರಿ ಮಾಡಿಕೊಡೋದು ಅಂತ. ಇದಕ್ಕಿಂತ ಒಳ್ಳೇದು ಇದ್ರೆ ದಯವಿಟ್ಟು ಹೇಳಿ.

ಥ್ರೆಡ್ಡಿಗೆ ‘ಮರೆ’ ಅನ್ನೋ ಪದ ಇದೆ, ಮರೆ ಹೋಗಿದೆ, ಮರೆ ಸವೆದಿದೆ ಅಂತೀವಿ. ಮಾತಲ್ಲಿ ಚೆನ್ನಾಗಿದೆ, ಬರವಣಿಗೆಯಲ್ಲಿ ‘ಮರೆಯಲ್ಲಿ ಮೇಣ ಹಚ್ಚಿ’ ಅಂದ್ರೆ ಯಾರಿಗೂ ಕಾಣದ ಹಾಗೆ ಹಚ್ಚೋದು ಅಂತ ಓದ್ಕೊಳ್ಳೋ ಅಪಾಯ ಇದೆ. ಸ್ಕ್ರೂಗೆ ‘ತಿರುಪು’ ಅನ್ನೋಣ ಅಂದ್ರೆ ಕಿವಿಯೋಲೆ ತಿರುಪೇ ಕಣ್ಮುಂದೆ ಬರತ್ತೆ, ಆದ್ರೆ ಟ್ಯೂನರ್ ಸ್ಕ್ರೂನೂ ಹೆಚ್ಚುಕಮ್ಮಿ ಅಷ್ಟೇ ಸೂಕ್ಷ್ಮದ್ದು, ಹಾಗಾಗಿ ಆ ಪದ ಬಿಡೋಕೂ ಮನಸ್ಸಿಲ್ಲ.

ಮೋಟು ತೆಗೆಯೋದು ಹೀಗೆ. ಮೇಲೆ ಸ್ವಲ್ಪ ಕಾಣ್ತಿದ್ರೆ ಇಕ್ಕಳದಲ್ಲಿ ಹಿಡಿದು ತಿರುಗಿಸ್ಬಹುದು. ಇಲ್ಲಾಂದ್ರೆ ಸ್ಕ್ರೂ ಒಳಗೆ ಹೋಗೋವಷ್ಟು ಬಾಯಿರೋ ಸಣ್ಣ ಉಕ್ಕಿನ ಕೊಳವೆ ತಗೊಂಡು, ತುದೀಲಿ ಅರದಿಂದ ಹಲ್ಲು ಮಾಡಿ, ಡ್ರಿಲ್ಲಿಗೆ ಕಚ್ಚಿಸಿ ಹಿಮ್ಮುಖವಾಗಿ ತಿರುಗಿಸ್ತಾ ನಿಧಾನಕ್ಕೆ ಇಳಿಸ್ಬೇಕು. ನಡುವೆ ಮೊನೆ ಇಲ್ಲದ್ರಿಂದ ಕೊಳವೆ ಶುರುವಲ್ಲೇ ಜಾರಿ ಪಾಲಿಶ್ ಗೀಚತ್ತೆ, ಅದಕ್ಕೆ ಅದೇ ಅಳತೆ ತೂತಿರೋ ಮರದ ತುಂಡನ್ನ ಮೇಲಿಟ್ಟು ಕ್ಲಾಂಪ್ ಹಾಕಿರಬೇಕು. ಸುತ್ತಲ ಮರದ ಸಮೇತ ಮೋಟು ಬರತ್ತೆ, ಕೆಲವು ಸಲ ಕೊಳವೆಗೆ ಕಚ್ಕೊಂಡು ತಾನಾಗೇ ಬಿಚ್ಕೊಂಡು ಮೇಲೆ ಬರತ್ತೆ. ಈ ಸಾಧನಕ್ಕೆ ‘ಕೊಳವೆ ಬೈರಿಗೆ’ ಅಂತ ಇಟ್ಟಿದೀನಿ, ಬೈರಿಗೆ ಬಡಗಿಗಳ ಹಳೇ ಪದ, ಮತ್ತೆ ಓಡಾಡ್ಲಿ ಅಂತ ಆಸೆ.

ಆಮೇಲೆ ಉಳಿಯೋ ದೊಡ್ಡ ತೂತಿಗೆ ಅಂಟು ಹಾಕಿ ಅದೇ ಜಾತಿ ಮರದ ತುಂಡು ತುಂಬ್ತೀವಿ, ನಾರಿನ ದಿಕ್ಕು ಸುತ್ತಲಿನ ಮರಕ್ಕೆ ಹೊಂದೋ ಹಾಗೆ, ಯಾಕಂದ್ರೆ ನಾರಿಗೆ ಅಡ್ಡವಾಗಿ ಹೋದ ಸ್ಕ್ರೂ ಹಿಡಿಯೋವಷ್ಟು ಗಟ್ಟಿಯಾಗಿ ನಾರಿನ ಉದ್ದಕ್ಕೇ ಇಳಿದದ್ದು ಹಿಡಿಯಲ್ಲ. ಈ ತುಂಡಿಗೆ ‘ಬಿರಡೆ’ ಅನ್ನೋಣ ಅಂದ್ಕೊಂಡೆ, ಬಾಟಲಿ ಬಾಯಿ ಮುಚ್ಚೋದೂ ಬಿರಡೆನೇ. ಆದ್ರೆ ವೀಣೆಯಲ್ಲಿ ತಂತಿ ಬಿಗಿಯೋದೂ ಬಿರಡೆ, ಅದನ್ನೇ ಗಿಟಾರ್ ಟ್ಯೂನರಿಗೆ ಬಳಸೋರಿದ್ರೆ ‘ಬಿರಡೆ ಸ್ಕ್ರೂ ಮುರ್ಕೊಂಡ ಕಡೆ ಬಿರಡೆ ಹಾಕಿ’ ಅಂತಾಗತ್ತೆ. ಬೆಣೆ ಅಂದ್ರೆ ಒಂದು ತುದಿ ಚೂಪಾಗಿರಬೇಕು, ಇದು ಹಾಗಿಲ್ಲ. ಇದಕ್ಕೆ ಬಡಗಿ ಕೆಲಸದವರು ಏನಂತಾರೆ, ಗೊತ್ತಿದ್ದವರು ತಿಳಿಸಿ.

ಇನ್ನೊಂದು. ಬಿಚ್ಚಿದ ಸ್ಕ್ರೂನ ಅದೇ ತೂತಿಗೆ ಮತ್ತೆ ಹಾಕುವಾಗ ಮೊದಲು ಮೆಲ್ಲಗೆ ಹಿಂದಕ್ಕೆ ತಿರುಗಿಸ್ಬೇಕು, ಒಂದು ಕಡೆ ಟಕ್ ಅಂತ ಸ್ಕ್ರೂ ಕೆಳಗೆ ಬೀಳೋದು ಬೆರಳಿಗೆ ಗೊತ್ತಾಗತ್ತೆ, ಅಂದ್ರೆ ಹಳೇ ಮರೆ ಸಿಕ್ತು ಅಂತ, ಅಲ್ಲಿಂದ ಮುಂದಕ್ಕೆ ತಿರುಗಿಸಿದ್ರೆ ಮರದಲ್ಲಿ ಹೊಸ ಮರೆ ಕೊರೆಯಲ್ಲ, ಸ್ಕ್ರೂ ಮೇಲೆ ಜೋರೂ ಬೀಳಲ್ಲ. ಇದಕ್ಕೆ ‘ಮರೆ ಕೂಡಿಸೋದು’ ಅಂತ ಬರ್ದಿದೀನಿ. ನೀವೇನಂತೀರಿ?