ಐದು ಶಕ್ತಿ ಇದ್ದರೂ ಸೂಪರ್‌ಹೀರೋ ಮನಸ್ಸಿಗೆ ನಾಟುತ್ತಿಲ್ಲ, ತಪ್ಪು ಎಲ್ಲಿದೆ?

ಬಿಳಿಹಾಳೆ:
22 ಪುಟದ ಕಾಮಿಕ್ಸ್, ಮೊದಲ ಸಂಚಿಕೆಯ ಸ್ಕ್ರಿಪ್ಟ್ ಸಿದ್ಧವಿದೆ. ನಾಯಕಿಯ ಹೆಸರು ನಿನಾದ. ಸುತ್ತಲಿನ ಶಬ್ದವನ್ನು ಮೈಯೊಳಗೆ ಹೀರಿಕೊಂಡು ಅದನ್ನೇ ಬಲವಾಗಿ ಬಳಸುತ್ತಾಳೆ. ಅದಲ್ಲದೆ ಹಾರುತ್ತಾಳೆ, ಗಾಯ ತಾನಾಗಿ ಮಾಯುತ್ತದೆ, ಕತ್ತಲಲ್ಲೂ ಕಣ್ಣು ಕಾಣುತ್ತದೆ, ಎದುರಿನವರು ಸುಳ್ಳು ಹೇಳಿದರೆ ಗೊತ್ತಾಗುತ್ತದೆ. ಪ್ರಯೋಗಾಲಯದ ಅಪಘಾತ, ಶಕ್ತಿ ಬರುವುದು, ಇಷ್ಟಕ್ಕೇ ಮೊದಲ 9 ಪುಟ. ನಗರವನ್ನು ನೆಲಸಮ ಮಾಡಹೊರಟ ಖಳನಿಗೆ 5 ಪುಟ. ಕೊನೆಯ 8 ಪುಟ ಹೊಡೆದಾಟ. ಓದಿದವರು "ಚೆನ್ನಾಗಿದೆ" ಎಂದು ಹಿಂತಿರುಗಿಸುತ್ತಾರೆ, ಮುಂದೇನಾಯಿತು ಎಂದು ಒಬ್ಬರೂ ಕೇಳುವುದಿಲ್ಲ. ಶಕ್ತಿ ಸಾಲದೇ? ಹೊಡೆದಾಟ ಇನ್ನೂ ದೊಡ್ಡದಾಗಬೇಕೇ? ದಶಕಗಟ್ಟಲೆ ಜನರ ಮನಸ್ಸಲ್ಲಿ ಉಳಿದ ಸೂಪರ್‌ಹೀರೋಗಳಲ್ಲಿ ಇರುವುದೇನು, ಇವಳಲ್ಲಿ ಇಲ್ಲದಿರುವುದೇನು?

ಮಸಿಕುಡಿಕೆ:
ಶಕ್ತಿ ಸಾಲದೆ ಅಲ್ಲ, ಹೆಚ್ಚಾಗಿ ಕೆಟ್ಟಿದೆ. ಶಬ್ದ ಹೀರುವುದೊಂದನ್ನು ಉಳಿಸಿಕೊಂಡು ಮಿಕ್ಕ ನಾಲ್ಕನ್ನೂ ತೆಗೆದುಹಾಕಿ. ಹಾರುವವಳು ಎತ್ತರಕ್ಕೆ ಹೆದರುವುದಿಲ್ಲ, ಗಾಯ ಮಾಯುವವಳು ಏಟಿಗೆ ಹೆದರುವುದಿಲ್ಲ, ಸುಳ್ಳು ಗೊತ್ತಾಗುವವಳು ಮೋಸ ಹೋಗುವುದಿಲ್ಲ. ಒಂದೊಂದು ಶಕ್ತಿ ಸೇರಿದಂತೆಲ್ಲ ಓದುಗನ ಒಂದೊಂದು ಆತಂಕ ಕಡಿಮೆಯಾಗುತ್ತದೆ. ಆತಂಕವಿಲ್ಲದ ಕಡೆ "ಮುಂದೇನು" ಎಂಬ ಪ್ರಶ್ನೆ ಹುಟ್ಟುವುದಾದರೂ ಹೇಗೆ?

1938ರಲ್ಲಿ ಬಂದ ಸೂಪರ್‌ಮ್ಯಾನ್ ಹಾರುತ್ತಿರಲಿಲ್ಲ, ನೆಗೆಯುತ್ತಿದ್ದ. ಒಂದು ನೆಗೆತಕ್ಕೆ ಮೈಲಿಯ ಎಂಟನೇ ಒಂದು ಭಾಗ, ಅಂದರೆ ಸುಮಾರು 200 ಮೀಟರ್. ಓಟದಲ್ಲಿ ಎಕ್ಸ್‌ಪ್ರೆಸ್ ರೈಲನ್ನು ಹಿಂದೆ ಹಾಕುತ್ತಿದ್ದ. ಸಿಡಿಯುವ ಫಿರಂಗಿ ಗುಂಡಿಗಿಂತ ಕಡಿಮೆಯದು ಯಾವುದೂ ಅವನ ಚರ್ಮ ಸೀಳುತ್ತಿರಲಿಲ್ಲ. ಇದು ಅಳೆಯಬಹುದಾದ ಶಕ್ತಿ. ಎಷ್ಟು ದೂರ ನೆಗೆದಾನು, ಎಷ್ಟು ಹೊತ್ತಿಗೆ ತಲುಪಿಯಾನು ಎಂದು ಓದುಗ ಮನಸ್ಸಿನಲ್ಲೇ ಲೆಕ್ಕ ಹಾಕಬಹುದಿತ್ತು. ವರ್ಷ ಕಳೆದಂತೆ ಶಕ್ತಿ ಬೆಳೆಯುತ್ತಲೇ ಹೋಯಿತು, ಅವನನ್ನು ತಡೆಯಲು ಹೊರಗಿನಿಂದ ಒಂದು ಕಲ್ಲೇ ಬರಬೇಕಾಯಿತು. ಕ್ರಿಪ್ಟೊನೈಟ್ ಎಂಬ ಆ ಕಲ್ಲು ಮೊದಲು ಬಂದದ್ದು 1943ರ ರೇಡಿಯೋ ಸರಣಿಯಲ್ಲಿ, ಕಾಮಿಕ್ಸ್‌ಗೆ ಕಾಲಿಟ್ಟದ್ದು 1949ರಲ್ಲಿ.

ಹಾಗೆಂದು ಮಿತಿಯನ್ನು ಎಲ್ಲಿಂದಲೋ ತಂದು ಅಂಟಿಸಿದರೂ ಆಗದು. 1940ರ ಗ್ರೀನ್ ಲ್ಯಾಂಟರ್ನ್‌ನ ಶಕ್ತಿಯ ಉಂಗುರ ಮರದ ವಸ್ತುಗಳ ಮೇಲೆ ಕೆಲಸ ಮಾಡುತ್ತಿರಲಿಲ್ಲ, 1959ರಲ್ಲಿ ಅದೇ ಹೆಸರಿನಲ್ಲಿ ಬಂದ ಹೊಸ ನಾಯಕನದು ಹಳದಿ ಬಣ್ಣದ ಮೇಲೆ. ಹಳದಿಗೂ ಅವನ ಸ್ವಭಾವಕ್ಕೂ ಏನು ಸಂಬಂಧ? ಹಾಗಾಗಿ ಖಳ ಹಳದಿ ಬಳಿದುಕೊಂಡು ಬರುವುದಷ್ಟೇ ಕತೆಯಾಗುತ್ತಿತ್ತು. ಹಳದಿಯನ್ನು ಭಯಕ್ಕೆ ಜೋಡಿಸಿದ್ದು ಎಷ್ಟೋ ದಶಕಗಳ ಮೇಲೆ. ಅದೇ ಉಂಗುರವನ್ನು 24 ಗಂಟೆಗೊಮ್ಮೆ ದೀಪಕ್ಕೆ ಹಿಡಿದು ಶಕ್ತಿ ತುಂಬಿಕೊಳ್ಳಬೇಕು ಎಂಬ ನಿಯಮ ಎಷ್ಟೋ ವಾಸಿ, ಅದರಲ್ಲಿ ಗಡಿಯಾರ ಓಡುತ್ತಿರುತ್ತದೆ.

ನಿನಾದಳ ಮಿತಿಯನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಅವಳ ಶಕ್ತಿಯೊಳಗೇ ಇದೆ. ಶಬ್ದ ಹೀರಿದರೆ ಆ ಜಾಗದಲ್ಲಿ ನಿಶ್ಶಬ್ದ. ಕುಸಿದ ಕಟ್ಟಡದ ತೊಲೆ ಎತ್ತಲು ಸುತ್ತಲಿನ ಸದ್ದನ್ನೆಲ್ಲ ಎಳೆದುಕೊಂಡಳು ಎನ್ನಿ. ಅದೇ ಕ್ಷಣ, ಅವಶೇಷದ ಕೆಳಗಿರುವ ಮಗುವಿನ ಕೂಗೂ ಅವಳೊಳಗೆ ಹೋಯಿತು. ಮಗು ಎಲ್ಲಿದೆ ಎಂದು ಯಾರಿಗೂ ತಿಳಿಯದು. ಕೇಳಿಸಿಕೊಳ್ಳಬೇಕಾದರೆ ಬಲ ಬಿಡಬೇಕು, ಬಲ ಬೇಕಾದರೆ ಕಿವಿ ಬಿಡಬೇಕು. ಇದೊಂದೇ ನಿಯಮ ಹತ್ತು ಸಂಚಿಕೆ ಎಳೆದುಕೊಂಡು ಹೋಗುತ್ತದೆ.

ಅರ್ಧಚೌಕ:
ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಆ 9 ಪುಟ. 1962ರ ಆಗಸ್ಟ್ ಸಂಚಿಕೆಯಲ್ಲಿ ಸ್ಪೈಡರ್‌ಮ್ಯಾನ್ ಹುಟ್ಟಿದ ಕತೆಗಿದ್ದದ್ದು ಒಟ್ಟು 11 ಪುಟ. ಅಷ್ಟರಲ್ಲೇ ಶಾಲೆಯ ಅವಮಾನ, ಜೇಡದ ಕಡಿತ, ಕುಸ್ತಿ, ಟಿವಿ ಪ್ರದರ್ಶನ, ಬಿಟ್ಟುಬಿಟ್ಟ ಕಳ್ಳ, ಚಿಕ್ಕಪ್ಪನ ಸಾವು, ಕೊಂದವನೇ ಆ ಕಳ್ಳ ಎಂಬ ಅರಿವು, ಎಲ್ಲ ಮುಗಿದಿದೆ. ಜೇಡ ಕಡಿಯುವುದಕ್ಕೆ ಬಳಸಿದ್ದು ಬೆರಳೆಣಿಕೆಯ ಚೌಕಟ್ಟುಗಳು. ಹೆಚ್ಚು ಜಾಗ ಹೋಗಿದ್ದು ಶಕ್ತಿ ಬಂದಮೇಲೆ ಹುಡುಗ ಏನು ಮಾಡಿದ ಎಂಬುದಕ್ಕೆ. ಅವನು ಯಾರನ್ನೂ ಕಾಪಾಡಲು ಹೊರಡಲಿಲ್ಲ, ಹಣ ಸಂಪಾದಿಸಲು ಹೊರಟ.

ಅಪಘಾತ ಯಾರಿಗೆ ಬೇಕಾದರೂ ಆಗಬಹುದು. ಅದು ನಾಯಕಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಹೇಳುವುದು ಅವಳ ತೀರ್ಮಾನ. ಪ್ರಯೋಗಾಲಯವನ್ನು ಒಂದೂವರೆ ಪುಟಕ್ಕೆ ಇಳಿಸಿ. ಮಿಕ್ಕ ಜಾಗದಲ್ಲಿ ಅವಳು ಆ ಶಕ್ತಿಯನ್ನು ತನಗಾಗಿ ಬಳಸಿಕೊಳ್ಳಲಿ. ಮನೆಯ ಪಕ್ಕದ ಗಲಾಟೆ ಹೀರಿಕೊಂಡು ಒಂದು ರಾತ್ರಿ ಹಾಯಾಗಿ ನಿದ್ದೆ ಮಾಡಲಿ. ಅವತ್ತು ಹೀರಿದ್ದರಲ್ಲಿ ಯಾರದೋ ಸಹಾಯದ ಕೂಗೂ ಇತ್ತು ಎಂದು ಬೆಳಿಗ್ಗೆ ತಿಳಿಯಲಿ. ಖಳ ಬರುವ ಮುಂಚೆಯೇ ನಿಮ್ಮ ಕತೆ ಶುರುವಾಗಿರುತ್ತದೆ.

ನೋವಿಲ್ಲದ ನಾಯಕ ನಿಲ್ಲುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬ್ಯಾಟ್‌ಮ್ಯಾನ್ 1939ರ ಮೇ ಸಂಚಿಕೆಯಲ್ಲಿ ಬಂದಾಗ ಅವನ ಹಿನ್ನೆಲೆಯೇ ಇರಲಿಲ್ಲ. ತಂದೆತಾಯಿಯ ಕೊಲೆ ಸೇರಿದ್ದು ಅದೇ ವರ್ಷದ ನವೆಂಬರಿನಲ್ಲಿ, ಎರಡೇ ಪುಟದಲ್ಲಿ. ಆ ಎರಡು ಪುಟ ಇವತ್ತಿಗೂ ಅವನನ್ನು ಹೊತ್ತಿವೆ.

ಕಡಲಹಕ್ಕಿ:
ಅರ್ಧಚೌಕ ಅವರೇ, ಮೊದಲರ್ಧ ಪೂರ್ತಿ ಒಪ್ಪಿದೆ, ಕೊನೆಯ ಮಾತನ್ನು ಒಪ್ಪಲಾರೆ. ಸೂಪರ್‌ಮ್ಯಾನ್‌ನ ಮೊದಲ ಕತೆಯ 13 ಪುಟ ತೆರೆದು ನೋಡಿ. ಹುಟ್ಟಿದ ಗ್ರಹ ನಾಶವಾದದ್ದು ಒಂದು ಪುಟದೊಳಗೆ ಮುಗಿಯುತ್ತದೆ, ಅವನು ಅದಕ್ಕಾಗಿ ಕೊರಗುವುದೂ ಇಲ್ಲ. ನೇರವಾಗಿ ಕೆಲಸಕ್ಕಿಳಿಯುತ್ತಾನೆ: ತಪ್ಪು ಆರೋಪದ ಮೇಲೆ ಮರಣದಂಡನೆಗೆ ಗುರಿಯಾದ ಹೆಂಗಸನ್ನು ಉಳಿಸುತ್ತಾನೆ, ಹೆಂಡತಿಯನ್ನು ಹೊಡೆಯುವವನನ್ನು ಹಿಡಿಯುತ್ತಾನೆ, ಸೆನೆಟರ್ ಜೊತೆ ಒಳಸಂಚು ನಡೆಸುತ್ತಿದ್ದವನ ಬೆನ್ನು ಹತ್ತುತ್ತಾನೆ. ಯಾರಿಗಾಗಿ ಬಲ ಬಳಸುತ್ತಾನೆ ಎಂಬುದರಲ್ಲೇ ಅವನು ಯಾರು ಎಂಬುದು ಗೊತ್ತಾಗುತ್ತದೆ.

ನೋವು ಬೇಕೇಬೇಕು ಎಂದು ಹೊರಟರೆ ಇನ್ನೊಂದು ಅಪಾಯ ಕಾದಿದೆ. ನಾಯಕನಿಗೆ ಕೋಪ ಬರಿಸಲೆಂದೇ ಒಂದು ಪಾತ್ರವನ್ನು ಕೊಲ್ಲುವ ಚಾಳಿ. ಹೀಗೆ ಕೊಲೆಯಾದ, ಅಂಗವಿಕಲರಾದ, ಶಕ್ತಿ ಕಳೆದುಕೊಂಡ ಸ್ತ್ರೀಪಾತ್ರಗಳ ಪಟ್ಟಿಯನ್ನು 1999ರಲ್ಲಿ ಕಾಮಿಕ್ಸ್ ಲೇಖಕಿ ಗೇಲ್ ಸಿಮೋನ್ ಮುಂದಿಟ್ಟಾಗ ಅದು ಎಷ್ಟು ಉದ್ದವಿದೆ ಎಂದು ಎಲ್ಲರಿಗೂ ಕಂಡಿತು. ಒಂದು ಪರೀಕ್ಷೆ ಮಾಡಿ: ಸಾಯುವ ಪಾತ್ರಕ್ಕೆ ಸಾಯುವ ಮುಂಚೆ ತನ್ನದೇ ಆದ ಒಂದು ಆಸೆ, ಒಂದು ಕೆಲಸ, ನಾಯಕಿಯೊಡನೆ ಒಂದು ಜಗಳ ಇದೆಯೇ? ಇಲ್ಲದಿದ್ದರೆ ಆ ಸಾವಿಗೆ ತೂಕವಿಲ್ಲ.

ತೂಕವಿದ್ದ ಸಾವೂ ಇದೆ. 1973ರ ಜೂನ್ ಸಂಚಿಕೆಯಲ್ಲಿ ಸೇತುವೆಯಿಂದ ಬೀಳುತ್ತಿದ್ದ ತನ್ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಸ್ಪೈಡರ್‌ಮ್ಯಾನ್ ಬಲೆ ಎಸೆದು ಹಿಡಿಯುತ್ತಾನೆ. ಅವಳ ಕುತ್ತಿಗೆಯ ಪಕ್ಕ ಚಿಕ್ಕ ಅಕ್ಷರದಲ್ಲಿ ಒಂದೇ ಒಂದು ಸದ್ದು ಬರೆದಿದೆ, "ಸ್ನ್ಯಾಪ್". ಹಿಡಿದ ಜರ್ಕಿನಿಂದಲೇ ಜೀವ ಹೋಯಿತೇ ಎಂಬ ಪ್ರಶ್ನೆ ಅವನನ್ನು ಬಿಡುವುದಿಲ್ಲ. ಅದುವರೆಗೆ ಎಷ್ಟೋ ಜನರನ್ನು ಕಾಪಾಡಿದ್ದ ಬಲೆ ಅದೇ. ಮಸಿಕುಡಿಕೆ ಅವರು ಹೇಳಿದ ನಿಶ್ಶಬ್ದದ ನಿಯಮವೂ ಇದೇ ಜಾತಿಯದು, ಅದಕ್ಕೇ ಅಷ್ಟು ಇಷ್ಟವಾಯಿತು.

ಖಳನ ವಿಷಯ. "ನಗರ ನಾಶ" ಎಂಬ ಗುರಿಗೆ ನಾಯಕಿ ಯಾರಾದರೂ ನಡೆಯುತ್ತದೆ. ನಿನಾದಳಿಗೇ ಹುಟ್ಟಿದ ಖಳ ಬೇಕು. ಕಿವಿಯಲ್ಲಿ ಹಗಲಿರುಳು ಗುಂಯ್‌ಗುಡುವ ಸದ್ದಿನಿಂದ ಬೆಂದುಹೋದ ಒಬ್ಬ, ಜಗತ್ತೆಲ್ಲ ಮೌನವಾದರೆ ತನ್ನಂಥವರಿಗೆ ಶಾಂತಿ ಎಂದು ನಂಬಿದವ. ಅವನು ಅವಳನ್ನು ಕೊಲ್ಲಲು ಬರುವುದಿಲ್ಲ, ಸಹಾಯ ಕೇಳಿಕೊಂಡು ಬರುತ್ತಾನೆ. ಹಾಯಾಗಿ ನಿದ್ದೆ ಮಾಡಿದ ಆ ರಾತ್ರಿ ಅವಳಿಗೂ ನೆನಪಿದೆ. ಎಕ್ಸ್‌ಮೆನ್ ಎಂಬ ಸೂಪರ್‌ಹೀರೋ ತಂಡದ ಎದುರಾಳಿ ಮ್ಯಾಗ್ನೆಟೊ ಮೊದಲು ಬಂದದ್ದು 1963ರಲ್ಲಿ, ಜಗತ್ತನ್ನು ಆಳಹೊರಟ ಮಾಮೂಲಿ ಖಳನಾಗಿ. ನಾಜಿ ಮರಣಶಿಬಿರದಲ್ಲಿ ಬೆಳೆದವನು ಎಂಬ ಹಿನ್ನೆಲೆ 1981ರಲ್ಲಿ ಸೇರಿದ ಮೇಲೆ, ಅವನು ಹೇಳುವುದೂ ಸರಿಯಲ್ಲವೇ ಎಂದು ಓದುಗ ತಡವರಿಸುವಂತಾಯಿತು. ಆ ತಡವರಿಕೆಯಿಂದ ಎಕ್ಸ್‌ಮೆನ್‌ಗಳ ತೂಕವೂ ಏರಿತು.

ಬಿಳಿಹಾಳೆ:
ನಾಲ್ಕು ಶಕ್ತಿಗಳೂ ಹೋದವು, ಪ್ರಯೋಗಾಲಯ ಒಂದೂವರೆ ಪುಟ. ಎಷ್ಟು ಸದ್ದಿಗೆ ಎಷ್ಟು ಬಲ ಎಂಬುದನ್ನು ವಿಜ್ಞಾನಕ್ಕೆ ಸರಿಹೊಂದುವಂತೆ ಇಡುವುದು ಹೇಗೆ? ಸದ್ದು ಮಾಯವಾದದ್ದನ್ನು ಚಿತ್ರದಲ್ಲಿ ಹೇಗೆ ತೋರಿಸುವುದು?

ಮಸಿಕುಡಿಕೆ:
ನಿಜವಾದ ಲೆಕ್ಕ ನಿಮ್ಮ ಕೈಹಿಡಿಯುವುದಿಲ್ಲ. 110 ಡೆಸಿಬಲ್ ಅಂದರೆ ಕಿವಿ ಗುಂಯ್‌ಗುಡಿಸುವ ರಾಕ್ ಸಂಗೀತದ ಮಟ್ಟ. ಅಷ್ಟು ಸದ್ದು ಚದರ ಮೀಟರಿಗೆ 0.1 ವಾಟ್ ಮಾತ್ರ ಹೊತ್ತು ತರುತ್ತದೆ. ಒಂದು ಚದರ ಮೀಟರ್ ಮೈಯಿಂದ ಒಂದು ನಿಮಿಷ ಹೀರಿದರೆ 6 ಜೂಲ್. ಒಂದು ಕಿಲೋ ಚೀಲವನ್ನು ಸುಮಾರು 60 ಸೆಂಟಿಮೀಟರ್ ಎತ್ತಿದರೆ ಮುಗಿಯಿತು. ಮಾಮೂಲಿ ಮಾತುಕತೆ 60 ಡೆಸಿಬಲ್, ಅದರಲ್ಲಿರುವುದು ಇದರ ಲಕ್ಷದಲ್ಲೊಂದು ಪಾಲು.

ಆದ್ದರಿಂದ ಸುಳ್ಳು ಹೇಳಲೇಬೇಕು. ಒಂದೇ ಸಲ ಹೇಳಿ, ಶುರುವಿನಲ್ಲೇ ಹೇಳಿ, ಆಮೇಲೆ ಅದಕ್ಕೆ ಕಟ್ಟುಬೀಳಿ. ಉದಾಹರಣೆಗೆ: ತುಂಬಿದ ರಸ್ತೆಯ ಒಂದು ನಿಮಿಷದ ಸದ್ದು, ಒಂದು ಕಾರು ಎತ್ತುವಷ್ಟು ಬಲ, ಬಳಸದಿದ್ದರೆ ಹತ್ತು ನಿಮಿಷದಲ್ಲಿ ತಾನೇ ಸೋರಿಹೋಗುತ್ತದೆ. 5ನೇ ಪುಟದಲ್ಲಿ ಇದನ್ನು ಮಾತಿನಲ್ಲಿ ವಿವರಿಸದೆ ಮಾಡಿ ತೋರಿಸಿ. 19ನೇ ಪುಟದಲ್ಲಿ ಖಾಲಿ ರಸ್ತೆಯಲ್ಲಿ ನಿಂತಾಗ, ಅವಳ ಹತ್ತಿರ ಎಷ್ಟು ಉಳಿದಿದೆ ಎಂಬುದು ಓದುಗನಿಗೂ ಗೊತ್ತಿರುತ್ತದೆ. "ಎಲ್ಲಿಂದಲೋ ಹೊಸ ಬಲ ಬಂತು" ಎಂದು ಅಲ್ಲಿ ಬರೆದಿರೋ, 5ನೇ ಪುಟದಲ್ಲಿ ಕಟ್ಟಿದ್ದೆಲ್ಲ ನೀರಿಗೆ ಹೋದಂತೆ. ಸ್ಪೈಡರ್‌ಮ್ಯಾನ್‌ನ ಬಲೆಯ ದ್ರವ ಮಣಿಕಟ್ಟಿನ ಚಿಕ್ಕ ಡಬ್ಬಿಗಳಲ್ಲಿದೆ, ಖಾಲಿಯಾಗುತ್ತದೆ ಎಂದು ಓದುಗನಿಗೆ ಗೊತ್ತಿರುವುದರಿಂದಲೇ ಅದು ಖಾಲಿಯಾದಾಗ ಎದೆ ಧಸಕ್ಕೆನ್ನುತ್ತದೆ.

ನೆರಳುಗೆರೆ:
ಚಿತ್ರದ ಕಡೆ ನನ್ನದೆರಡು ಮಾತು. ಇವಳ ಶಕ್ತಿ ಕಾಮಿಕ್ಸ್‌ಗೆಂದೇ ಮಾಡಿಸಿದಂತಿದೆ, ಏಕೆಂದರೆ ಇಲ್ಲಿ ಸದ್ದು ಕಣ್ಣಿಗೆ ಕಾಣುವ ವಸ್ತು. ಧಡಾರ್, ಕರಕರ, ಕಿರ್‌ರ್ ಎಂಬ ಅಕ್ಷರಗಳಿಂದ ಮೊದಲ ಪುಟಗಳನ್ನು ತುಂಬಿ. ಹೀರುವಾಗ ಆ ಅಕ್ಷರಗಳೇ ಬಾಗಿ ಅವಳ ಕಡೆ ಹರಿಯಲಿ, ತುದಿಯಿಂದ ಮಸುಕಾಗಲಿ. ಪೂರ್ತಿ ಹೀರಿದ ಮೇಲೆ ಮಾತಿನ ಗುಳ್ಳೆಗಳು ಇದ್ದಲ್ಲೇ ಇರಲಿ, ಬಾಯಿಯ ಕಡೆ ಬಾಲವೂ ಇರಲಿ, ಒಳಗೆ ಅಕ್ಷರ ಬೇಡ. ಬಾಯಿ ತೆರೆದ ಮನುಷ್ಯ, ಖಾಲಿ ಗುಳ್ಳೆ. ಪಕ್ಕದಲ್ಲಿ ವಿವರಣೆ ಬರೆಯಬೇಡಿ.

ಹಾಗಾಗಬೇಕಾದರೆ ಮಿಕ್ಕ ಪುಟಗಳಲ್ಲಿ ಮಾತು ಹಿಡಿತದಲ್ಲಿರಬೇಕು. ಪುಟಕ್ಕೆ ಐದಾರು ಚೌಕಟ್ಟು, ಒಂದು ಗುಳ್ಳೆಗೆ ಹೆಚ್ಚೆಂದರೆ 15 ಪದ. ಕನ್ನಡ ಪದಗಳು ಉದ್ದ, ಒತ್ತಕ್ಷರಗಳು ಕೆಳಗಿನ ಸಾಲಿಗೆ ಇಳಿಯುತ್ತವೆ, ಆದ್ದರಿಂದ ಸಾಲುಗಳ ನಡುವಿನ ಅಂತರ ತುಸು ಹೆಚ್ಚೇ ಇಡಿ. ಇಲ್ಲದಿದ್ದರೆ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಓದಲು ತೊಡಕಾಗುತ್ತದೆ.

ಉಡುಪಿಗೆ ಎರಡು ಪರೀಕ್ಷೆ. ಪಾತ್ರವನ್ನು ಪೂರ್ತಿ ಕಪ್ಪು ತುಂಬಿ ಹೆಬ್ಬೆರಳಿನ ಉಗುರಿನಷ್ಟಕ್ಕೆ ಇಳಿಸಿ, ಆಗಲೂ ಗುರುತು ಸಿಗಬೇಕು. ಬ್ಯಾಟ್‌ಮ್ಯಾನ್‌ನ ಎರಡು ಕಿವಿ ಅಷ್ಟು ಚಿಕ್ಕದರಲ್ಲೂ ಕಾಣುತ್ತವೆ. ಎರಡನೆಯದು, ಬಣ್ಣ ಮೂರು ದಾಟಬಾರದು. ಡೇರ್‌ಡೆವಿಲ್ 1964ರಲ್ಲಿ ಬಂದಾಗ ಅವನ ಉಡುಪು ಹಳದಿ, ಕಪ್ಪು, ಕೆಂಪಿನ ಮಿಶ್ರಣ. ಮರುವರ್ಷ 7ನೇ ಸಂಚಿಕೆಯಲ್ಲಿ ಚಿತ್ರಕಾರ ವಾಲಿ ವುಡ್ ಅಡಿಯಿಂದ ಮುಡಿವರೆಗೆ ಕೆಂಪು ಮಾಡಿದರು, ಇವತ್ತಿಗೂ ಅದೇ ಅವನ ಗುರುತು. ಮುದ್ರಣವನ್ನೂ ಮರೆಯಬೇಡಿ: 1962ರಲ್ಲಿ ಹಲ್ಕ್ ಮೊದಲ ಸಂಚಿಕೆಯಲ್ಲಿ ಬೂದು ಬಣ್ಣದವನು. ಅಚ್ಚಿನಲ್ಲಿ ಬೂದು ಒಂದೊಂದು ಪುಟಕ್ಕೆ ಒಂದೊಂದು ಥರ ಬಂದದ್ದರಿಂದ ಎರಡನೇ ಸಂಚಿಕೆಗೆ ಹಸಿರಾದ.

ಬಿಳಿಹಾಳೆ:
ಹೊಸ ಹಂಚಿಕೆ ಹೀಗಿದೆ. 1–2: ಪ್ರಯೋಗಾಲಯ. 3–8: ಶಕ್ತಿಯನ್ನು ತನಗಾಗಿ ಬಳಸುವುದು (5ರಲ್ಲಿ ಕಾರು), ನಿದ್ದೆಯ ರಾತ್ರಿ, ಬೆಳಗಿನ ಸುದ್ದಿ. 9–13: ಮೌನ ಬೇಡುವ ಆ ಮನುಷ್ಯ, ಅವರಿಬ್ಬರ ಗೆಳೆತನ. 14–20: ಕಟ್ಟಡ ಕುಸಿತ, ತೊಲೆ, ಮಗು, ಖಾಲಿ ರಸ್ತೆ. 21–22: ಅವನ ಕೋರಿಕೆಗೆ ಅವಳ ಉತ್ತರ. ಖಾಲಿ ಗುಳ್ಳೆಯ ದೊಡ್ಡ ಚಿತ್ರ 17ನೇ ಪುಟಕ್ಕೆ.

ಅರ್ಧಚೌಕ:
ಈಗ ಇದು ನಿನಾದಳ ಕತೆ, ಬೇರೆ ಯಾರಿಗೂ ಹೊಂದದು. ಒಂದೇ ತಿದ್ದುಪಡಿ, 17 ಬೇಡ. ಅಚ್ಚಿನ ಪುಸ್ತಕದಲ್ಲಿ 1ನೇ ಪುಟ ಬಲಗಡೆ ಬಂದರೆ 16 ಮತ್ತು 17 ಎದುರುಬದುರು ಇರುತ್ತವೆ. 16 ಓದುತ್ತಿರುವಾಗಲೇ ಕಣ್ಣು ಜಾರಿ 17ರ ಖಾಲಿ ಗುಳ್ಳೆ ಕಂಡುಬಿಡುತ್ತದೆ. ಅದನ್ನು 18ಕ್ಕೆ ತನ್ನಿ, ಹಾಳೆ ತಿರುಗಿಸಿದಾಗಲೇ ಕಾಣಬೇಕು. 17ರಲ್ಲಿ ತೊಲೆ ಎತ್ತುವುದನ್ನು ಇಡಿ, ಚೌಕಟ್ಟುಗಳು ಮೇಲಿನಿಂದ ಕೆಳಕ್ಕೆ ದೊಡ್ಡದಾಗುತ್ತ ಬರಲಿ. 1966ರ ಫೆಬ್ರವರಿ ಸಂಚಿಕೆಯಲ್ಲಿ ನೀರು ನುಗ್ಗುತ್ತಿರುವ ಜಾಗದಲ್ಲಿ ಸ್ಪೈಡರ್‌ಮ್ಯಾನ್ ಯಂತ್ರದ ರಾಶಿ ಎತ್ತುವುದನ್ನು ಚಿತ್ರಕಾರ ಸ್ಟೀವ್ ಡಿಟ್ಕೊ ಹಾಗೇ ಚೌಕಟ್ಟು ಹಿಗ್ಗಿಸುತ್ತ ತಂದು, ಎತ್ತಿದ ಕ್ಷಣಕ್ಕೆ ಇಡೀ ಪುಟ ಬಿಟ್ಟಿದ್ದಾರೆ. ನಿಮ್ಮಲ್ಲಿ ಆ ಇಡೀ ಪುಟ ಎತ್ತಿದ್ದಕ್ಕೆ ಹೋಗಬಾರದು, ಮಗುವಿಗೆ ಹೋಗಬೇಕು. 17ರ ಕೊನೆಯಲ್ಲಿ ತೊಲೆ ಮೇಲೇರಿತು, ಎಲ್ಲರ ಮುಖದಲ್ಲಿ ಗೆಲುವು. ಹಾಳೆ ತಿರುಗಿಸಿದರೆ 18ರಲ್ಲಿ ಅವಶೇಷದ ಕೆಳಗಿನ ಕತ್ತಲು, ಬಾಯಿ ತೆರೆದ ಮಗು, ಏನೂ ಬರೆಯದ ಒಂದು ಗುಳ್ಳೆ.