ಹಿತ್ತಲ ಹೊಂಡದಲ್ಲಿ ಸೊಳ್ಳೆ ಕಾಟ: ಮುಚ್ಚಬೇಕಾ, ಉಳಿಸಿಕೊಳ್ಳಬಹುದಾ?

ಕಲಬುರಗಿ, ಸೇಡಂ ರಸ್ತೆ ಕಡೆಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಲ್ಲಿ ಒಂದು ಸಣ್ಣ ಹೊಂಡ ಇದೆ. ಉದ್ದ 8 ಅಡಿ, ಅಗಲ 5 ಅಡಿ, ಆಳ 2 ಅಡಿ. ಸುತ್ತ ಶಹಾಬಾದ್ ಪರಸಿ ಹಾಕಿಸಿದ್ದೇವೆ. ಒಳಗೆ ನೈದಿಲೆ ಇದೆ, ಜೊತೆಗೆ ಅಂತರಗಂಗೆ ತಾನಾಗಿಯೇ ಹಬ್ಬಿಕೊಂಡಿದೆ. ಮೀನು ಇಲ್ಲ. ಮಳೆ ಶುರುವಾದ ಮೇಲೆ ಸಂಜೆ ಹಿತ್ತಲ ಬಾಗಿಲು ತೆಗೆಯುವ ಹಾಗೇ ಇಲ್ಲ, ಅಷ್ಟು ಸೊಳ್ಳೆ. ಪಕ್ಕದ ಓಣಿಯಲ್ಲಿ ಡೆಂಗಿ ಬಂದಿದೆ ಅಂತ ಗೊತ್ತಾದ ಮೇಲೆ ನಮ್ಮ ಅತ್ತೆಯವರು ಹೊಂಡಕ್ಕೆ ಮಣ್ಣು ಹಾಕಿಸಿಬಿಡಿ ಅನ್ನುತ್ತಿದ್ದಾರೆ. ಮನೆಯಲ್ಲಿ ಸಣ್ಣ ಮಗು ಇದೆ, ಅವರ ಭಯ ನನಗೂ ಇದೆ. ಆದರೆ ಏಪ್ರಿಲ್ ಮೇ ತಿಂಗಳ ಬಿಸಿಲಲ್ಲಿ ಇಡೀ ಓಣಿಯ ಗುಬ್ಬಿಗಳು ನೀರು ಕುಡಿಯೋದು ಇಲ್ಲೇ. ಮುಚ್ಚೋಕೆ ಮನಸ್ಸಿಲ್ಲ. ಹೊಂಡ ಇಟ್ಟುಕೊಂಡೂ ಸೊಳ್ಳೆ ಕಡಿಮೆ ಮಾಡಿಕೊಂಡವರು ಯಾರಾದರೂ ಇದ್ದೀರಾ? ಔಷಧಿ ಹಾಕಿದರೆ ಹಕ್ಕಿಗಳಿಗೆ ಏನಾದರೂ ಆಗುತ್ತಾ?

ಬೀದರ್‌ನಿಂದ

ಮುಚ್ಚಬೇಡಿ ಅಕ್ಕಾ. ಮೀನು ಬಿಡಿ. ನಮ್ಮ ಹೊಂಡ ನಿಮ್ಮದಕ್ಕಿಂತ ಸ್ವಲ್ಪ ದೊಡ್ಡದು, ಗಪ್ಪಿ ಬಿಟ್ಟ ಮೇಲೆ ನೀರಲ್ಲಿ ಸೊಳ್ಳೆ ಮರಿ ಹುಡುಕಿದರೂ ಸಿಗಲ್ಲ. ಒಂದು ವಿಷಯ ಮಾತ್ರ ನೆನಪಿರಲಿ. ನಮ್ಮ ಬೀದರ್ ಎತ್ತರದಲ್ಲಿದೆ, ಡಿಸೆಂಬರ್ ಜನವರಿಯಲ್ಲಿ ರಾತ್ರಿ ಥಂಡಿ ಜಾಸ್ತಿ. ಗಪ್ಪಿಗೆ ಥಂಡಿ ಆಗಿಬರಲ್ಲ. ನೀರು ಆಳ ಇದ್ದರೆ ತಳದಲ್ಲಿ ಬದುಕಿಕೊಳ್ಳುತ್ತವೆ, ಒಂದು ಅಡಿ ನೀರಿದ್ದರೆ ಸಾಯುತ್ತವೆ. ನಾನು ಚಳಿಗಾಲಕ್ಕೆ ಮೊದಲು ಕೆಲವನ್ನು ಹಿಡಿದು ಒಳಗೆ ಗಾಜಿನ ತೊಟ್ಟಿಯಲ್ಲಿ ಇಡುತ್ತೇನೆ. ಕಲಬುರಗಿಯಲ್ಲಿ ಈ ತೊಂದರೆ ಕಡಿಮೆ, ನಿಮಗೆ ಬೇಸಿಗೆಯದೇ ಚಿಂತೆ.

ಕಲಬುರಗಿಯಿಂದ, ಆರೋಗ್ಯ ಇಲಾಖೆಯಲ್ಲಿ ಲಾರ್ವಾ (ಸೊಳ್ಳೆ ಮರಿ) ಸಮೀಕ್ಷೆ ಮಾಡಿದವರು

ಮೀನು ಸರಿ. ಆದರೆ ಅದಕ್ಕೂ ಮೊದಲು ಆ ಸೊಳ್ಳೆ ನಿಮ್ಮ ಹೊಂಡದ್ದೇನಾ ಅಂತ ನೋಡಬೇಕಲ್ವಾ? ಮನೆ ಮನೆ ತಿರುಗಿ ನೀರು ನೋಡಿದ ಅನುಭವದಿಂದ ಹೇಳುತ್ತೇನೆ. ಕಣ್ಣಿಗೆ ಕಾಣುವ ದೊಡ್ಡ ನೀರಿನ ಮೇಲೆ ಎಲ್ಲರಿಗೂ ಅನುಮಾನ, ಸೊಳ್ಳೆ ಹುಟ್ಟುವುದು ಮಾತ್ರ ಅದರ ಹಿಂದೆ ಇಟ್ಟ ಹಳೇ ಬಕೆಟ್‌ನಲ್ಲಿ.

ಒಂದು ಬಿಳಿ ಪ್ಲಾಸ್ಟಿಕ್ ಮಗ್ ತಗೊಳ್ಳಿ. ಬೆಳಿಗ್ಗೆ ಬೆಳಕಿರುವಾಗ ಹೊಂಡದ ಅಂಚಿಗೆ ಹೋಗಿ, ನಿಮ್ಮ ನೆರಳು ನೀರಿನ ಮೇಲೆ ಬೀಳದ ಹಾಗೆ ನಿಂತು, ಗಿಡದ ಬುಡದಲ್ಲಿ ನಿಧಾನಕ್ಕೆ ಮಗ್ ಅದ್ದಿ ನೀರು ತುಂಬಿಕೊಳ್ಳಿ. ನೆರಳು ಬಿದ್ದರೆ, ನೀರು ಕದಡಿದರೆ ಮರಿಗಳು ತಕ್ಷಣ ತಳಕ್ಕೆ ಇಳಿಯುತ್ತವೆ, ನಿಮಗೆ ಏನೂ ಕಾಣಲ್ಲ. ನಡು ಹೊಂಡದಲ್ಲಿ ಅದ್ದಿ ಪ್ರಯೋಜನ ಇಲ್ಲ, ಸೊಳ್ಳೆ ಮರಿ ಇರೋದು ಅಂಚಲ್ಲಿ, ಎಲೆಗಳ ಮಧ್ಯೆ, ಗಾಳಿ ಆಡದ ಮೂಲೆಯಲ್ಲಿ. ನಾಲ್ಕೈದು ಕಡೆ ಹೀಗೆ ಮಾಡಿ. ತಲೆ ಕೆಳಗೆ ಮಾಡಿ ಬಾಲದ ತುದಿಯನ್ನು ನೀರಿನ ಮೇಲ್ಮೈಗೆ ತಾಗಿಸಿಕೊಂಡು ತೂಗಾಡುತ್ತಿದ್ದರೆ ಅದು ಕ್ಯೂಲೆಕ್ಸ್ ಅಥವಾ ಈಡಿಸ್ ಜಾತಿಯ ಸೊಳ್ಳೆಯ ಮರಿ. ಬಾಲದ ತುದಿಯಲ್ಲಿರುವ ನಳಿಕೆಯಿಂದ ಅದು ಉಸಿರಾಡುತ್ತದೆ. ಮೇಲ್ಮೈಗೆ ಅಂಟಿದ ಹಾಗೆ ಅಡ್ಡಡ್ಡ ಮಲಗಿದ್ದರೆ ಅನಾಫಿಲಿಸ್, ಮಲೇರಿಯಾ ಹರಡುವ ಜಾತಿ. ತಲೆ ದಪ್ಪಗಿದ್ದು ಅಲ್ಪವಿರಾಮದ ಆಕಾರದಲ್ಲಿ ಬಾಗಿದ್ದರೆ ಅದು ಕೋಶದ ಹಂತ, ಇನ್ನೊಂದೆರಡು ದಿನಕ್ಕೆ ಸೊಳ್ಳೆಯಾಗಿ ಹಾರುತ್ತದೆ.

ಇನ್ನೊಂದು ಮಾತು. ನೀವು ಹೇಳಿದ ಎರಡು ವಿಷಯ ಬೇರೆ ಬೇರೆ. ಸಂಜೆಯಾದ ಮೇಲೆ ಗುಂಪಾಗಿ ಬಂದು ಕಚ್ಚೋದು ಹೆಚ್ಚಾಗಿ ಕ್ಯೂಲೆಕ್ಸ್. ಅದು ಚರಂಡಿ, ಶೌಚದ ಗುಂಡಿ, ಕೊಳೆತ ಎಲೆ ಇರುವ ನೀರಲ್ಲಿ ಹುಟ್ಟುತ್ತದೆ. ಆನೆಕಾಲು ರೋಗ ಹರಡೋದು ಇದೇ, ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ ಆ ರೋಗದ ಪಟ್ಟಿಯಲ್ಲಿದ್ದ ಜಿಲ್ಲೆಗಳು, ಹಾಗಾಗಿ ಹಗುರವಾಗಿ ತಗೋಬೇಡಿ. ಡೆಂಗಿ ಹರಡುವ ಈಡಿಸ್ ಕಚ್ಚೋದು ಹಗಲಲ್ಲಿ, ಅದರಲ್ಲೂ ಬೆಳಿಗ್ಗೆ ಮತ್ತು ಹೊತ್ತು ಮುಳುಗುವ ಮುಂಚೆ. ಅದಕ್ಕೆ ಬೇಕಾಗಿದ್ದು ಸಣ್ಣ ಪಾತ್ರೆಯ ತಿಳಿನೀರು. ನಮ್ಮೂರಲ್ಲಿ ನಲ್ಲಿ ನೀರು ದಿನಾ ಬರಲ್ಲ, ಎಲ್ಲರ ಮನೆಯಲ್ಲೂ ಡ್ರಮ್ಮು, ಬ್ಯಾರಲ್, ಟಾಕಿ ತುಂಬಿಟ್ಟಿರುತ್ತಾರೆ. ಕೂಲರ್ ಇಲ್ಲದ ಮನೆ ಇಲ್ಲ, ಮಳೆ ಬಂದ ಮೇಲೆ ಅದರ ತಳದಲ್ಲಿ ಉಳಿದ ನೀರನ್ನು ಯಾರೂ ನೋಡಲ್ಲ. ಈಡಿಸ್ ಬಹಳ ದೂರ ಹಾರುವ ಸೊಳ್ಳೆ ಅಲ್ಲ, ಸಾಮಾನ್ಯವಾಗಿ ನೂರಿನ್ನೂರು ಮೀಟರ್ ಒಳಗೇ ಇರುತ್ತದೆ. ಅಂದರೆ ನಿಮ್ಮ ಮನೆಯಲ್ಲೋ, ಅಕ್ಕಪಕ್ಕದಲ್ಲೋ ಅದರ ನೀರು ಇದೆ.

ಈಡಿಸ್ ಮೊಟ್ಟೆ ಇಡೋದು ನೀರಿನ ಒಳಗಲ್ಲ, ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ. ನೀರು ಚೆಲ್ಲಿದರೂ ಆ ಮೊಟ್ಟೆ ಒಣಗಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮತ್ತೆ ನೀರು ತಾಗಿದ ಕೂಡಲೇ ಒಡೆಯುತ್ತದೆ. ಅದಕ್ಕೇ ವಾರಕ್ಕೊಮ್ಮೆ ನೀರು ಖಾಲಿ ಮಾಡಿ ಅಂತ ಹೇಳಿ ಸುಮ್ನಿದ್ದರೆ ಅರ್ಧ ಕೆಲಸ. ಒಳಗಿನ ಗೋಡೆಯನ್ನು ನಾರಿನಿಂದಲೋ ಬ್ರಷ್‌ನಿಂದಲೋ ಗಸಗಸ ಉಜ್ಜಿ ತೊಳೆಯಬೇಕು. ನಮ್ಮ ಕಡೆ ಶಕೆಗೆ ಮೊಟ್ಟೆಯಿಂದ ಸೊಳ್ಳೆ ಆಗೋಕೆ ಏಳರಿಂದ ಹತ್ತು ದಿನ ಸಾಕು, ವಾರಕ್ಕೊಮ್ಮೆ ಅನ್ನುವ ಲೆಕ್ಕ ಬಂದಿದ್ದು ಅಲ್ಲಿಂದ.

ಈಗ ಹೊಂಡಕ್ಕೆ ಬರೋಣ. ಮೊದಲು ಅಂತರಗಂಗೆ ತೆಗೆಯಿರಿ. ಎಲ್ಲಾ ತೆಗೆಯಿರಿ, ಚೂರೂ ಬಿಡಬೇಡಿ. ಅದರ ಬೇರಿನ ಗೊಂಚಲಲ್ಲಿ ಮರಿಗಳು ಅಡಗಿಕೊಂಡರೆ ಮೀನಿಗೆ ಸಿಗಲ್ಲ. ಮ್ಯಾನ್ಸೋನಿಯಾ ಅಂತ ಒಂದು ಜಾತಿ ಇದೆ, ಅದರ ಮರಿ ಈ ಗಿಡದ ಬೇರಿಗೇ ನಳಿಕೆ ಚುಚ್ಚಿ ಅಲ್ಲಿಂದಲೇ ಉಸಿರಾಡುತ್ತದೆ, ಮೇಲಕ್ಕೆ ಬರುವುದೇ ಇಲ್ಲ. ನೈದಿಲೆ ಇರಲಿ, ಒಣಗಿದ ಎಲೆ ಮಾತ್ರ ಆಗಾಗ ಕತ್ತರಿಸಿ. ಅಂಚಿನಲ್ಲಿ ನೀರಿಗೆ ಬಾಗಿದ ಹುಲ್ಲು ಕೊಯ್ಯಿರಿ. ಪರಸಿ ಕಲ್ಲುಗಳ ನಡುವೆ ಸಂದಿ ಇದ್ದು ಅಲ್ಲಿ ನೀರು ನಿಲ್ಲುತ್ತಿದ್ದರೆ ಸಿಮೆಂಟ್ ತುಂಬಿಸಿ. ಹೊಂಡದಲ್ಲಿ ಎಷ್ಟೇ ಮೀನಿದ್ದರೂ ಆ ಸಂದಿಗೆ ಹೋಗೋಕಾಗಲ್ಲ.

ಆಮೇಲೆ ಮೀನು. ಪೂರ್ತಿ ಬೆಳೆದ ಒಂದು ಗಂಬೂಸಿಯಾ ದಿನಕ್ಕೆ 100ರಿಂದ 300 ಮರಿ ತಿನ್ನುತ್ತದೆ, ಗಪ್ಪಿ 80ರಿಂದ 100. ನಿಮ್ಮ ಹೊಂಡಕ್ಕೆ ಇಪ್ಪತ್ತು ಇಪ್ಪತ್ತೈದು ಗಪ್ಪಿ ಬಿಟ್ಟರೆ ಸಾಕು, ಅವೇ ಮರಿ ಹಾಕಿಕೊಂಡು ಹೆಚ್ಚುತ್ತವೆ. ಎರಡೂ ಹೊರದೇಶದ ಮೀನುಗಳು. ಗಪ್ಪಿ ಭಾರತಕ್ಕೆ ಬಂದಿದ್ದು 1910ರ ಸುಮಾರಿಗೆ, ಗಂಬೂಸಿಯಾ 1928ರಲ್ಲಿ, ಸೊಳ್ಳೆ ತಿನ್ನಲಿ ಅಂತಲೇ ತಂದಿದ್ದು. ಗಂಬೂಸಿಯಾ ಜೋರು ಮೀನು. ಕಪ್ಪೆ ಮರಿ, ಬೇರೆ ಮೀನಿನ ಮೊಟ್ಟೆ ಯಾವುದನ್ನೂ ಬಿಡಲ್ಲ. ಹಿತ್ತಲಿಗೆ ಗಪ್ಪಿಯೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಎರಡರಲ್ಲಿ ಯಾವುದನ್ನೂ ಕೆರೆಗೋ ಹಳ್ಳಕ್ಕೋ ಬಿಡಬೇಡಿ. ಜಿಲ್ಲಾ ಮಲೇರಿಯಾ ಕಚೇರಿಯಲ್ಲಿ ಲಾರ್ವಾ ತಿನ್ನುವ ಮೀನು ಕೇಳಿ ನೋಡಿ, ಇಲಾಖೆ ಇವನ್ನು ಸಾಕಿ ಬಾವಿ, ತೊಟ್ಟಿಗಳಿಗೆ ಬಿಡುತ್ತದೆ. ಇಲ್ಲದಿದ್ದರೆ ಅಲಂಕಾರದ ಮೀನಿನ ಅಂಗಡಿಯಲ್ಲಿ ಸಿಗುತ್ತದೆ.

ಮೀನಿಗೆ ಆಹಾರ ಹಾಕಬೇಡಿ. ಇದನ್ನು ಎಲ್ಲರಿಗೂ ಹೇಳಿ ಹೇಳಿ ಸಾಕಾಗಿದೆ. ಮಕ್ಕಳು ಅಕ್ಕಿ, ರೊಟ್ಟಿ ಚೂರು ಹಾಕುತ್ತಲೇ ಇದ್ದರೆ ಹೊಟ್ಟೆ ತುಂಬಿದ ಮೀನು ಸೊಳ್ಳೆ ಮರಿ ಹುಡುಕಿಕೊಂಡು ಯಾಕೆ ಹೋಗುತ್ತದೆ? ಉಳಿದ ಅನ್ನ ಕೊಳೆತು ಆ ನೀರೇ ಕ್ಯೂಲೆಕ್ಸ್ ಅನ್ನು ಕರೆಯುತ್ತದೆ.

ಶಹಾಪುರ ತಾಲೂಕಿನಿಂದ

ನಮ್ಮದು ಕಾಲುವೆ ನೀರಿನ ಸೀಮೆ, ಸುತ್ತಲೂ ಭತ್ತದ ಗದ್ದೆ. ಮನೆ ಹಿಂದೆ ಹೊಂಡ ಮುಚ್ಚಿದರೂ ನಮಗೆ ಸೊಳ್ಳೆ ತಪ್ಪಿದ್ದಲ್ಲ, ಹಾಗಾಗಿ ಕಿಟಕಿಗೆ ಜಾಳಿಗೆ, ಮಲಗೋಕೆ ಸೊಳ್ಳೆ ಪರದೆ ಇವೆರಡೂ ಇರಲೇಬೇಕು ಅಂತ ಮೊದಲೇ ಹೇಳಿಬಿಡುತ್ತೇನೆ. ಹೊಲದಲ್ಲಿ ತಾಡಪತ್ರಿ ಹಾಸಿದ ಕೃಷಿ ಹೊಂಡವೂ ಇದೆ. ಅದರಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದೇವೆ. ಅವು ದೊಡ್ಡವಾದ ಮೇಲೆ ಸೊಳ್ಳೆ ಮರಿ ಕಡೆ ತಿರುಗಿಯೂ ನೋಡಲ್ಲ. ಸಣ್ಣ ಬಾಯಿಯ, ಮೇಲ್ಮೈಯಲ್ಲೇ ಓಡಾಡುವ ಮೀನು ಬೇಕು. ನಮ್ಮ ಹಳ್ಳದಲ್ಲೇ ತಲೆ ಮೇಲೆ ಒಂದು ಬೆಳ್ಳಿ ಚುಕ್ಕೆ ಇರುವ ಸಣ್ಣ ಮೀನು ಇದೆ, ನೀರಿನ ಮೇಲಿಂದ ನೋಡಿದರೆ ಆ ಚುಕ್ಕೆ ಹೊಳೆಯುತ್ತದೆ. ಸೊಳ್ಳೆ ಮರಿಗೆ ಅದು ಬಹಳ ಒಳ್ಳೇದು, ನಮ್ಮದೇ ನೆಲದ ಮೀನು ಬೇರೆ.

ಸುಟ್ಟ ಆಯಿಲ್ ಅಥವಾ ಸೀಮೆಎಣ್ಣೆ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ ಅಕ್ಕಾರೆ. ನಿಂತ ಚರಂಡಿಗೆ ಅದನ್ನು ಹಾಕುತ್ತಿದ್ದರು ನಿಜ, ಎಣ್ಣೆ ಪದರ ಬಿದ್ದು ಮರಿಗಳಿಗೆ ಉಸಿರು ಕಟ್ಟುತ್ತದೆ. ಆದರೆ ನಿಮ್ಮ ಹೊಂಡದಲ್ಲಿ ಮೀನು, ನೈದಿಲೆ ಎಲ್ಲಾ ಹಾಳಾಗುತ್ತವೆ, ಗುಬ್ಬಿ ಕುಡಿಯುವ ನೀರದು. ನೆಲಕ್ಕೆ ಇಂಗಿದರೆ ಬೋರ್ ನೀರಿಗೂ ತೊಂದರೆ.

ಬೀದರ್‌ನಿಂದ ಮತ್ತೆ

ಪಂಪಿನ ಬಗ್ಗೆ ಯಾರೂ ಹೇಳಲಿಲ್ಲ. ನೀರು ಅಲ್ಲಾಡುತ್ತಿದ್ದರೆ ಮರಿಗಳಿಗೆ ಮೇಲ್ಮೈಯಲ್ಲಿ ನಿಂತು ಉಸಿರಾಡೋಕೆ ಕಷ್ಟ, ಹೆಣ್ಣು ಸೊಳ್ಳೆಯೂ ಅಲ್ಲಿ ಮೊಟ್ಟೆ ಇಡಲು ಇಷ್ಟಪಡಲ್ಲ. ಸಣ್ಣ ಕಾರಂಜಿ ಪಂಪು ಹಾಕಿ.

ಕಲಬುರಗಿಯಿಂದ, ಲಾರ್ವಾ ಸಮೀಕ್ಷೆಯವರು

ಹಾಕಬಹುದು. ಆದರೆ ಪಂಪನ್ನೇ ನಂಬಿಕೊಂಡು ಕೂರಬೇಡಿ. ಕರೆಂಟ್ ಹೋದಾಗ ನೀರು ನಿಲ್ಲುತ್ತದೆ, ಸೌರ ಪಂಪು ಆದರೆ ಸಂಜೆ ನಿಲ್ಲುತ್ತದೆ, ಕ್ಯೂಲೆಕ್ಸ್ ಮೊಟ್ಟೆ ಇಡೋದು ರಾತ್ರಿ. ಪಂಪು ನಡು ನೀರನ್ನು ಅಲ್ಲಾಡಿಸಿದರೂ ಗಿಡದ ಹಿಂದಿನ ಮೂಲೆ ನಿಂತೇ ಇರುತ್ತದೆ. ಬೇಸಿಗೆಯಲ್ಲಿ ಮೀನಿಗೆ ಗಾಳಿ ಸಿಗುತ್ತದಲ್ಲ, ಅದಕ್ಕಾದರೂ ಪಂಪು ಒಳ್ಳೇದೇ. 42, 43 ಡಿಗ್ರಿ ಬಿಸಿಲಲ್ಲಿ ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಮಧ್ಯಾಹ್ನ ಹೊಂಡದ ಅರ್ಧಕ್ಕಾದರೂ ನೆರಳು ಬೀಳುವ ಹಾಗೆ ಹಸಿರು ಜಾಲಿ ಕಟ್ಟಿ. ಬತ್ತಿದ ನೀರು ತುಂಬಿಸುವಾಗ ನಲ್ಲಿ ನೀರನ್ನು ನೇರವಾಗಿ ಬಿಡಬೇಡಿ, ಕ್ಲೋರಿನ್ ಇರುತ್ತದೆ. ಒಂದು ದಿನ ಬಯಲಲ್ಲಿ ಇಟ್ಟು ಸ್ವಲ್ಪ ಸ್ವಲ್ಪವೇ ಹಾಕಿ.

ಗುರುಮಠಕಲ್ ಕಡೆಯ ಆಶಾ ಕಾರ್ಯಕರ್ತೆ

ನಾವು ಮನೆಗೆ ಬಂದಾಗ ಜನ ನೇರವಾಗಿ ಬಾವಿ, ಹೊಂಡ ತೋರಿಸುತ್ತಾರೆ. ನಾವು ನೋಡೋದು ಬೇರೆ. ಫ್ರಿಜ್ ಹಿಂದಿನ ತಟ್ಟೆ, ಹೂಕುಂಡದ ಕೆಳಗಿನ ತಟ್ಟೆ, ಮಾಳಿಗೆ ಮೇಲಿನ ಟೈರು, ಒಡೆದ ರಂಜಣಗಿ, ಮುಚ್ಚಳ ಸರಿಯಿಲ್ಲದ ಟಾಕಿ, ದನದ ಕಲ್ಲಿನ ಡೋಣಿ. ಹಕ್ಕಿಗಳಿಗೆ ಅಂತ ಮಣ್ಣಿನ ಬಟ್ಟಲು ಇಟ್ಟಿದ್ದರೆ ಅದನ್ನೂ ತಿಕ್ಕಿ ತೊಳೆಯಿರಿ. ಶೌಚದ ಗುಂಡಿಯ ಗಾಳಿ ಕೊಳವೆಗೆ ಬಟ್ಟೆಯನ್ನೋ ಜಾಳಿಗೆಯನ್ನೋ ಕಟ್ಟಿ, ಸಂಜೆಯ ಸೊಳ್ಳೆ ಅರ್ಧ ಅಲ್ಲಿಂದಲೇ ಬರುತ್ತಿರಬಹುದು.

ಹೊಗೆ ಹೊಡೆಸಿ ಅಂತ ಎಲ್ಲರೂ ಕೇಳುತ್ತಾರೆ. ಅದು ಹಾರುವ ಸೊಳ್ಳೆಗೆ ಮಾತ್ರ. ನೀರಲ್ಲಿರುವ ಮರಿಗೆ ಏನೂ ಆಗಲ್ಲ, ಕೆಲವೇ ದಿನದಲ್ಲಿ ಹೊಸ ಸೊಳ್ಳೆ ಏಳುತ್ತವೆ. ಬೇವಿನ ಸೊಪ್ಪಿನ ಹೊಗೆಯೂ ಅಷ್ಟೇ, ಹೊಗೆ ಇರುವಷ್ಟು ಹೊತ್ತು ದೂರ ಹೋಗುತ್ತವೆ. ಮಗುವಿರುವ ಕೋಣೆಯಲ್ಲಂತೂ ಹೊಗೆ ಬೇಡ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಅಂತ ನಿಯಮ ಮಾಡಿದೆ. ದಂಡಕ್ಕೆ ಹೆದರಿ ಅಲ್ಲ, ಮಗುವಿಗೋಸ್ಕರ ಮಾಡಿ ಅಕ್ಕಾ. ಮತ್ತೆ, ಮಗು ಓಡಾಡುವ ಮನೆ ಅಂದಿರಿ, ಎರಡು ಅಡಿ ನೀರೂ ಅಪಾಯವೇ. ಹೊಂಡಕ್ಕೆ ಗಟ್ಟಿ ಜಾಲರಿ ಹಾಕಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಮಗ್ ಅದ್ದಿ ನೋಡಿದೆ. ಅಂತರಗಂಗೆ ಇರುವ ಮೂಲೆಯಲ್ಲಿ ತಲೆ ಕೆಳಗಾದ ಮರಿಗಳು ತುಂಬಾ ಇದ್ದವು, ನೈದಿಲೆ ಕಡೆ ಬಿಸಿಲು ಬೀಳುವಲ್ಲಿ ಹೆಚ್ಚುಕಮ್ಮಿ ಇಲ್ಲ. ಕೂಲರ್ ತಳದಲ್ಲಿ ಮಾತ್ರ ನೀರು ಕಾಣದಷ್ಟು ಮರಿ! ಅತ್ತೆಯವರೇ ನೋಡಿ ಗಾಬರಿಯಾದರು, ಈಗ ಡ್ರಮ್ಮುಗಳನ್ನು ಉಜ್ಜಿಸುವ ಜವಾಬ್ದಾರಿ ತಾವೇ ತಗೊಂಡಿದ್ದಾರೆ. ಅಂತರಗಂಗೆ ಎಲ್ಲಾ ತೆಗೆಸಿದೆ. ಗಪ್ಪಿ ತರುತ್ತೇವೆ. ಅಲ್ಲಿಯವರೆಗೆ ಹೊಂಡಕ್ಕೆ ಏನು ಹಾಕಲಿ? ತೆಗೆದ ಅಂತರಗಂಗೆ ಹಿತ್ತಲ ಗೋಡೆ ಪಕ್ಕ ಗುಡ್ಡೆ ಬಿದ್ದಿದೆ, ಅದನ್ನು ಏನು ಮಾಡಲಿ?

ಕಲಬುರಗಿಯಿಂದ, ಲಾರ್ವಾ ಸಮೀಕ್ಷೆಯವರು

ಗೊಬ್ಬರದ ಗುಂಡಿಗೆ ಹಾಕಿ, ಬಿಸಿಲಿಗೆ ಒಣಗಿದರೆ ಒಳ್ಳೆ ಗೊಬ್ಬರ. ಚರಂಡಿಗೆ ಮಾತ್ರ ಎಸೆಯಬೇಡಿ, ಅಲ್ಲಿ ಮತ್ತೆ ಚಿಗುರುತ್ತದೆ.

ಹೊಂಡಕ್ಕೆ ಬಿಟಿಐ ಹಾಕಿ. ಅದು ಒಂದು ಬ್ಯಾಕ್ಟೀರಿಯಾ, 1976ರಲ್ಲಿ ಇಸ್ರೇಲ್‌ನ ನೆಗೆವ್ ಮರುಭೂಮಿಯಲ್ಲಿ ಸಿಕ್ಕಿದ್ದು. ಸೊಳ್ಳೆ ಮರಿ ಅದನ್ನು ತಿಂದರೆ ಹೊಟ್ಟೆ ಒಡೆದು ಒಂದೆರಡು ದಿನದಲ್ಲಿ ಸಾಯುತ್ತದೆ. ಮೀನು, ಕಪ್ಪೆ, ಜೇನು, ನಿಮ್ಮ ಗುಬ್ಬಿ, ಯಾವುದಕ್ಕೂ ತೊಂದರೆ ಇಲ್ಲ. ಪುಡಿಯಾಗಿಯೂ ದ್ರವವಾಗಿಯೂ ಬರುತ್ತದೆ. ಡಬ್ಬಿ ಮೇಲೆ ಬರೆದಷ್ಟೇ ಅಳತೆ ಹಾಕಿ, ನಿಮ್ಮ ಹೊಂಡದಲ್ಲಿ ಸುಮಾರು 2,200 ಲೀಟರ್ ನೀರು ಹಿಡಿಯುತ್ತದೆ, ಲೆಕ್ಕಕ್ಕೆ ಇರಲಿ. ಬಿಸಿಲಿಗೆ ಅದರ ಶಕ್ತಿ ಬೇಗ ಇಳಿಯುತ್ತದೆ, ಹಾಗಾಗಿ ಸಂಜೆ ಹೊತ್ತು ಹಾಕಿ, ವಾರ ಹದಿನೈದು ದಿನಕ್ಕೆ ಮತ್ತೆ ಹಾಕಬೇಕು. ಕೋಶದ ಹಂತಕ್ಕೆ ಬಂದ ಮರಿ ಏನೂ ತಿನ್ನಲ್ಲ, ಅದಕ್ಕೆ ಈ ಔಷಧಿ ತಾಗಲ್ಲ. ಅದಕ್ಕೇ ಮೊದಲ ಎರಡು ಮೂರು ದಿನ ಸೊಳ್ಳೆ ಏಳುತ್ತಲೇ ಇರುತ್ತವೆ, ಔಷಧಿ ಕೆಲಸ ಮಾಡುತ್ತಿಲ್ಲ ಅಂದುಕೊಂಡು ಇನ್ನಷ್ಟು ಸುರಿಯಬೇಡಿ. ಟೀ ಸೋಸುವ ಜಾಲರಿಯಿಂದ ಆ ಕೋಶಗಳನ್ನು ಎತ್ತಿ ಒಣ ನೆಲಕ್ಕೆ ಹಾಕಿಬಿಡಿ.

ಗಪ್ಪಿ ತಂದ ದಿನ ಚೀಲ ಸಮೇತ ಹೊಂಡದಲ್ಲಿ ಸ್ವಲ್ಪ ಹೊತ್ತು ತೇಲಿಬಿಟ್ಟು, ಎರಡೂ ಕಡೆಯ ನೀರು ಒಂದೇ ಬಿಸಿಗೆ ಬಂದ ಮೇಲೆ ಬಿಡಿ. ಬಿಟಿಐ ಹಾಕಿದ ನೀರಿಗೇ ಬಿಡಬಹುದು. ತಳದಲ್ಲಿ ನಾಲ್ಕು ಕಲ್ಲು ಒಂದರ ಮೇಲೊಂದು ಇಟ್ಟಿರಿ, ಕೊಕ್ಕರೆ ಬಂದರೆ ಮೀನು ಅಡಗಿಕೊಳ್ಳಲು ಜಾಗ ಬೇಕು. ಒಂದು ವಾರ ಕಳೆದ ಮೇಲೆ ಮತ್ತೆ ಮಗ್ ಅದ್ದಿ, ಏನು ಸಿಕ್ಕಿತು ಅಂತ ಇಲ್ಲೇ ಬರೆಯಿರಿ.