ನೈಟ್ರಸ್‌ಗೆ ‘ಗ್ಯಾಸ್’ ಅನ್ನಬಹುದೆ? ‘ಸ್ಟಾಕ್ ಎಂಜಿನ್’ಗೆ ಏನನ್ನೋಣ?

ಗೆಳೆಯರೇ,

ಕಾರಿನ ಹುಚ್ಚಿರುವ ಹುಡುಗರು ಓದಲೆಂದು ಒಂದು ಬರಹ ಸಿದ್ಧಮಾಡುತ್ತಿದ್ದೇನೆ. ಸಣ್ಣ ಕಾರಿನ ಎಂಜಿನ್ನನ್ನು ಕಂಪನಿಯಿಂದ ಬಂದ ಹಾಗೇ ಇಟ್ಟುಕೊಂಡು ಅದಕ್ಕೆ ನೈಟ್ರಸ್ ಆಕ್ಸೈಡ್ ಕೊಟ್ಟರೆ ಏನಾಗುತ್ತದೆ ಎಂಬುದು ವಿಷಯ. ಎಂಜಿನ್ ಕೆಲಸ ಮಾಡುವ ರೀತಿಯನ್ನು ಬರೆಯಲು ತೊಡಕಾಗಲಿಲ್ಲ, ನಾಲ್ಕಾರು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ. ಅವುಗಳಲ್ಲಿ ಒಂದನ್ನು ತಪ್ಪಾಗಿ ಬಳಸಿದರೆ ಓದಿದವನ ಪಿಸ್ಟನ್ ಕರಗಿದರೂ ಕರಗೀತು. ಹಾಗಾಗಿ ಅದರಿಂದಲೇ ಶುರುಮಾಡುತ್ತೇನೆ.

ನೈಟ್ರಸ್ಸನ್ನು ‘ವೇಗ ಹೆಚ್ಚಿಸುವ ಇಂಧನ’ ಎಂದು ಕನ್ನಡದಲ್ಲಿ ಬರೆದದ್ದನ್ನು ಕಂಡಿದ್ದೇನೆ. ಅದು ಇಂಧನವಲ್ಲ, ತಾನಾಗಿ ಉರಿಯುವುದಿಲ್ಲ. ಎಂಜಿನ್ನಿನ ಸಿಲಿಂಡರಿನೊಳಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವಿಗೆ ಅದು ಒಡೆದು ಸಾರಜನಕ, ಆಮ್ಲಜನಕಗಳಾಗುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ತೂಕದ ಲೆಕ್ಕಕ್ಕೆ ಆಮ್ಲಜನಕ ಸುಮಾರು 23%. ನೈಟ್ರಸ್‌ನಲ್ಲಿ ಅದು 36%. ಹೆಚ್ಚು ಆಮ್ಲಜನಕ ಒಳಗೆ ಹೋದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಶಕ್ತಿ ಬರುವುದು ಆ ಹೆಚ್ಚಿನ ಪೆಟ್ರೋಲಿನಿಂದ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ವಿಮಾನಗಳು ಇದನ್ನು ಹೊತ್ತೊಯ್ದದ್ದೂ ಇದೇ ಕಾರಣಕ್ಕೆ. ಎತ್ತರಕ್ಕೆ ಏರಿದಂತೆ ಗಾಳಿ ತೆಳುವಾಗಿ ಎಂಜಿನ್‌ಗೆ ಉಸಿರು ಸಾಲುತ್ತಿರಲಿಲ್ಲ.

ಹತ್ತು ಕಿಲೊದಷ್ಟು ನೈಟ್ರಸ್‌ಗೆ ಒಂದು ಕಿಲೊದಷ್ಟು ಪೆಟ್ರೋಲ್ ಹೆಚ್ಚುವರಿಯಾಗಿ ಬೇಕೇ ಬೇಕು. ಅದನ್ನು ‘ಇಂಧನ’ ಎಂದು ಓದಿಕೊಂಡ ಹುಡುಗ, ಇಂಧನವೇ ಹೋಗುತ್ತಿದೆಯಲ್ಲ, ಪೆಟ್ರೋಲ್ ಏಕೆ ಹೆಚ್ಚಿಸಲಿ ಎಂದುಕೊಳ್ಳುತ್ತಾನೆ. ಪೆಟ್ರೋಲ್ ಸಾಲದೆ ಮಿಶ್ರಣ ತೆಳುವಾಗುತ್ತದೆ, ಕಾವೇರುತ್ತದೆ, ನಾಕಿಂಗ್ (ಮಿಶ್ರಣ ಹದತಪ್ಪಿ ಸಿಡಿದು ಎಂಜಿನ್ ಬಡಿಯುವುದು) ಶುರುವಾಗುತ್ತದೆ. ಕೆಲವೇ ಸೆಕೆಂಡಿನಲ್ಲಿ ಪಿಸ್ಟನ್ನಿನ ತಲೆ ತೂತಾಗಬಹುದು, ಹೆಡ್ ಗ್ಯಾಸ್ಕೆಟ್ ಹೋಗಬಹುದು.

‘ಗ್ಯಾಸ್’ ಅಂದುಬಿಟ್ಟರೆ ಆಗದೆ ಎಂದು ಕೇಳುವವರಿದ್ದಾರೆ. ರಸಾಯನಶಾಸ್ತ್ರದ ಮಾತಾದರೆ ಸರಿ. ಆದರೆ ನಮ್ಮ ಗ್ಯಾರೇಜುಗಳಲ್ಲಿ ಗ್ಯಾಸ್ ಅಂದರೆ ಎಲ್‌ಪಿಜಿ, ಸಿಎನ್‌ಜಿ. ‘ಗ್ಯಾಸ್ ಆಟೋ’, ‘ಗ್ಯಾಸ್ ಕಿಟ್’, ‘ಗ್ಯಾಸಲ್ಲಿ ಓಡ್ತಾ ಇದೆ, ಪೆಟ್ರೋಲ್‌ಗೆ ಹಾಕು’ ಎಂಬ ಮಾತುಗಳಲ್ಲಿ ಗ್ಯಾಸ್ ಪೆಟ್ರೋಲಿನ ಬದಲಿಗೆ ನಿಂತಿದೆ. ನೈಟ್ರಸ್ ಪೆಟ್ರೋಲಿನ ಬದಲಿಯಲ್ಲ. ‘ಗಾಡಿಗೆ ನೈಟ್ರಸ್ ಗ್ಯಾಸ್ ಹಾಕಿಸಿದ’ ಎಂದರೆ ಇಂಧನ ಎಂದ ತಪ್ಪೇ ಹಿಂಬಾಗಿಲಿನಿಂದ ಒಳಗೆ ಬರುತ್ತದೆ.

ನಮ್ಮ ಶಾಲೆಯ ಪುಸ್ತಕದಲ್ಲಿ ಇದಕ್ಕೆ ಒಳ್ಳೆಯ ಮಾತೊಂದಿತ್ತು: ‘ದಹನಾನುಕೂಲಿ’. ತಾನು ಉರಿಯದೆ ಉರಿಯಲು ನೆರವಾಗುವಂಥದ್ದು. ಪದ ಉದ್ದವಾಯಿತು, ಸಂಸ್ಕೃತ ಹೆಚ್ಚಾಯಿತು ಎನ್ನುವವರ ಮಾತನ್ನು ಒಪ್ಪುತ್ತೇನೆ. ಆದರೂ ಬರಹದಲ್ಲಿ ಒಮ್ಮೆ ಅದನ್ನು ಹೇಳಿ, ಮುಂದೆ ಬರೀ ‘ನೈಟ್ರಸ್’ ಎಂದು ನಡೆಸಬೇಕೆಂದಿದ್ದೇನೆ.

‘ನೈಟ್ರಸ್’ ಎಂಬ ರೂಪವನ್ನೇ ಹಿಡಿಯಲೂ ಕಾರಣವಿದೆ. ಅದರ ಸುತ್ತ ಮೂರು ಹೆಸರು ಓಡಾಡುತ್ತಿವೆ. ಒಂದು ‘ನೈಟ್ರೋಜನ್’. ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ತುಂಬುವ ನೈಟ್ರೋಜನ್ ಉರಿಯುವುದೂ ಇಲ್ಲ, ಉರಿಸುವುದೂ ಇಲ್ಲ. ಈ ಹೆಸರು ಬಳಸಿದರೆ ಅರ್ಥ ತಲೆಕೆಳಗಾಗುತ್ತದೆ. ಎರಡನೆಯದು ‘ನೈಟ್ರೋ’, ಮೊಬೈಲ್ ಆಟಗಳಿಂದ ಮಕ್ಕಳ ಬಾಯಿಗೆ ಬಂದದ್ದು. ರೇಸಿನವರಿಗೆ ನೈಟ್ರೋ ಅಂದರೆ ನೈಟ್ರೋಮೀಥೇನ್. ಅಮೆರಿಕದಲ್ಲಿ ನೇರ ದಾರಿಯ ಡ್ರ್ಯಾಗ್ ರೇಸಿಗೆಂದೇ ಕಟ್ಟಿದ ‘ಟಾಪ್ ಫ್ಯುಯೆಲ್’ ಗಾಡಿಗಳಿಗೆ ಹಾಕುವ ಅದು ಮಾತ್ರ ನಿಜವಾಗಿ ಇಂಧನ. ಮೂರನೆಯದು ‘ನಾಸ್’, 1978ರಲ್ಲಿ ಅಮೆರಿಕದಲ್ಲಿ ಶುರುವಾದ ಒಂದು ಕಂಪನಿಯ ಬ್ರ್ಯಾಂಡು. ಸಿನಿಮಾಗಳ ಮೂಲಕ ಅದು ಎಲ್ಲ ಕಂಪನಿಗಳ ಮಾಲಿಗೂ ಹೆಸರಾಯಿತು. ಮಾತಿನಲ್ಲಿ ‘ನಾಸ್’ ಇರಲಿ ಬಿಡಿ, ಬರಹದಲ್ಲಿ ಬೇಡ ಎಂಬುದು ನನ್ನ ಅಭಿಪ್ರಾಯ. ‘ನಗೆ ಅನಿಲ’ ಎಂಬ ಹಳೆಯ ಹೆಸರನ್ನು ಒಂದು ಕಡೆ ತರುತ್ತೇನೆ. ಹಲ್ಲಿನ ಡಾಕ್ಟರ ಬಳಿ ಇರುವುದೂ ಇದೇ ವಸ್ತು ಎಂದು ಓದುಗರಿಗೆ ಗೊತ್ತಾಗಬೇಕು. ಕಾರಿಗೆಂದು ಮಾರುವುದಕ್ಕೆ, ಯಾರೂ ಮೂಸದಿರಲೆಂದು ಸ್ವಲ್ಪ ಗಂಧಕದ ಡೈಆಕ್ಸೈಡ್ ಬೆರೆಸಿರುತ್ತಾರೆ ಎಂಬುದನ್ನೂ ಅಲ್ಲೇ ಹೇಳಬೇಕು.

ಇನ್ನು ‘ಸ್ಟಾಕ್’. ಕಂಪನಿಯಿಂದ ಬಂದ ಹಾಗೇ ಇರುವ ಎಂಜಿನ್ನಿಗೆ ಇಂಗ್ಲಿಷಿನಲ್ಲಿ ‘ಸ್ಟಾಕ್ ಎಂಜಿನ್’ ಎನ್ನುತ್ತಾರೆ. ಕನ್ನಡದಲ್ಲಿ ಸ್ಟಾಕ್ ಅಂದರೆ ಅಂಗಡಿಯ ಮಾಲು, ಇಲ್ಲವೇ ಷೇರು. ಯಂತ್ರಾನುವಾದಕ್ಕೆ ಕೊಟ್ಟರೆ ‘ದಾಸ್ತಾನು ಎಂಜಿನ್’ ಬಂದರೂ ಬಂದೀತು. ಅಮೆರಿಕದಲ್ಲಿ ‘ಸ್ಟಾಕ್ ಕಾರ್’ ಎಂಬುದು ಒಂದು ರೇಸಿನ ಹೆಸರೂ ಹೌದು. ಆ ರೇಸುಗಳನ್ನು ನಡೆಸಲು 1948ರಲ್ಲಿ ಹುಟ್ಟಿದ ನ್ಯಾಸ್ಕಾರ್ ಎಂಬ ಸಂಸ್ಥೆ, ಮರುವರ್ಷ ಷೋರೂಮಿನಿಂದ ಬಂದಂಥ ಕಾರುಗಳಿಗೆ ರೇಸ್ ನಡೆಸಿತು. ಇಂದು ಅಲ್ಲಿ ಓಡುವ ಕಾರುಗಳಿಗೂ ಷೋರೂಮಿಗೂ ನಂಟಿಲ್ಲ, ಹೆಸರು ಮಾತ್ರ ಉಳಿದಿದೆ. ನೈಟ್ರಸ್‌ಗೆ ಅಲ್ಲಿ ಅವಕಾಶವಿಲ್ಲ. 1976ರಲ್ಲಿ ಅದರ ದೊಡ್ಡ ರೇಸಾದ ಡೇಟೋನಾ 500ರ ಅರ್ಹತಾ ಸುತ್ತಿನಲ್ಲಿ ಚಾಲಕರಾದ ಎ. ಜೆ. ಫಾಯ್ಟ್, ಡ್ಯಾರೆಲ್ ವಾಲ್ಟ್ರಿಪ್ ಅವರ ಸಮಯಗಳನ್ನು ನೈಟ್ರಸ್ ಅನುಮಾನದ ಮೇಲೆಯೇ ರದ್ದು ಮಾಡಿದರು. ಆದ್ದರಿಂದ ‘ಸಣ್ಣ ಸ್ಟಾಕ್ ಕಾರ್ ಎಂಜಿನ್’ ಎಂದು ಇದ್ದಹಾಗೆ ಬರೆದರೆ ಸಣ್ಣದು ಯಾವುದು, ಸ್ಟಾಕ್ ಯಾವುದು ಎಂಬುದೇ ತಿಳಿಯುವುದಿಲ್ಲ. ‘ಸಣ್ಣ ಕಾರಿನ ಕಂಪನಿ ಎಂಜಿನ್’ ಎಂದರೆ ಗೊಂದಲವಿಲ್ಲ. ‘ಇದು ಕಂಪನಿ ಫಿಟಿಂಗಾ, ಹೊರಗಡೆ ಹಾಕಿಸಿದ್ದಾ?’ ಎಂದು ನಾವು ದಿನಾ ಕೇಳುತ್ತೇವಲ್ಲ, ಆ ‘ಕಂಪನಿ’ಯೇ ಇದು. ಕಾನೂನಿನ ಮಾತು ಬಂದಲ್ಲಿ ಮಾತ್ರ ‘ತಯಾರಕರು ಮೂಲತಃ ಸೂಚಿಸಿದ’ ಎನ್ನುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಾರ್ಪಾಡಿಗೆ ಎಳೆದಿರುವ ಗೆರೆ ಅದೇ.

ಬಾಟಲಿಯ ವಿಷಯ. ಇಂಗ್ಲಿಷಿನವರು ಎಂಜಿನ್ನಿನದಕ್ಕೆ ಸಿಲಿಂಡರ್, ನೈಟ್ರಸ್ ತುಂಬಿದ್ದಕ್ಕೆ ಬಾಟಲ್ ಎಂದು ಬೇರೆಮಾಡಿಕೊಂಡಿದ್ದಾರೆ. ನಮ್ಮಲ್ಲಿ ಎರಡೂ ಸಿಲಿಂಡರೇ. ‘ಮೂರು ಸಿಲಿಂಡರಿನ ಗಾಡಿಗೆ ಒಂದು ಸಿಲಿಂಡರ್ ಸೇರಿಸಿದರು’ ಎಂದು ಬರೆದರೆ ಓದಿದವರಿಗೆ ನಾಲ್ಕು ಸಿಲಿಂಡರಿನ ಎಂಜಿನ್ ಕಾಣುತ್ತದೆ. ‘ಬಾಟಲಿ’ ಎಂದೇ ಇಟ್ಟಿದ್ದೇನೆ. ಅಡುಗೆಮನೆಯದಕ್ಕೆ ‘ಗ್ಯಾಸ್ ಅಂಡೆ’ ಎನ್ನುವವರಿಗೆ ‘ಅಂಡೆ’ ಇಷ್ಟವಾದೀತು, ನನಗೂ ಇಷ್ಟವೇ. ಆದರೆ ಡಿಕ್ಕಿಯಲ್ಲಿ ಓರೆಯಾಗಿ ಮಲಗಿಸುವ ನಾಲ್ಕೂವರೆ ಕಿಲೊ ಹಿಡಿಯುವ ನೀಳ ಬಾಟಲಿಗೆ ಅದು ಒಗ್ಗುವುದಿಲ್ಲ. ಒಳಗಿರುವುದು ಅನಿಲವಲ್ಲ, ಒತ್ತಡದಲ್ಲಿಟ್ಟ ದ್ರವ ಎಂಬುದನ್ನೂ ಒತ್ತಿ ಹೇಳಬೇಕು. 36.4 ಡಿಗ್ರಿ ದಾಟಿದರೆ ಎಷ್ಟೇ ಒತ್ತಿದರೂ ಅದು ದ್ರವವಾಗಿ ಉಳಿಯುವುದಿಲ್ಲ. ಕಲಬುರಗಿ, ರಾಯಚೂರಿನ ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿ ಈ ಮಿತಿಯನ್ನು ಮಧ್ಯಾಹ್ನದೊಳಗೆ ದಾಟುತ್ತದೆ. ಆಗ ಒತ್ತಡ ಏರುತ್ತದೆ, ಎಂಜಿನ್‌ಗೆ ಹೋಗುವ ಪ್ರಮಾಣವೂ ಬದಲಾಗುತ್ತದೆ.

ನೈಟ್ರಸ್ ಹಾಯಿಸಲು ಕಾರಿಗೆ ಕೂರಿಸುವ ಕಿಟ್ಟುಗಳಲ್ಲಿ ಎರಡು ಬಗೆ. ನೈಟ್ರಸ್ ಒಂದನ್ನೇ ಗಾಳಿಯ ದಾರಿಗೆ ಬಿಟ್ಟು ಪೆಟ್ರೋಲನ್ನು ಇಂಜೆಕ್ಟರಿನಿಂದ ಹೆಚ್ಚಿಸುವುದು ‘ಡ್ರೈ’, ಎರಡನ್ನೂ ಒಂದೇ ನಾಜಲ್‌ನಿಂದ ಚಿಮ್ಮಿಸುವುದು ‘ವೆಟ್’. ಒಣ, ಹಸಿ ಎಂಬ ಜೋಡಿ ನಮ್ಮಲ್ಲಿ ಕಸದ ಡಬ್ಬಿಯಿಂದ ಶುಂಠಿಯವರೆಗೆ ಬಳಕೆಯಲ್ಲಿದೆ. ‘ಒಣ ಕಿಟ್, ಹಸಿ ಕಿಟ್’ ಸಾಕೆನಿಸುತ್ತದೆ.

ಕ್ರಿಯಾಪದದಲ್ಲಿ ಕನ್ನಡಕ್ಕೇ ಮೇಲುಗೈ. ಕಿಟ್ ‘ಕೂರಿಸುವುದು’ ಒಂದು ಸಲದ ಕೆಲಸ, ಬಾಟಲಿ ‘ತುಂಬಿಸುವುದು’ ಇನ್ನೊಂದು, ಗುಂಡಿ ಒತ್ತಿ ನೈಟ್ರಸ್ ‘ಹಾಯಿಸುವುದು’ ಮತ್ತೊಂದು. ಗದ್ದೆಗೆ ನೀರು ಹಾಯಿಸಿದವರಿಗೆ ತೆರೆಯುವುದು, ಕಟ್ಟುವುದು ಎರಡೂ ಅದರಲ್ಲೇ ಕೇಳಿಸುತ್ತವೆ. ‘ಹಾಕು’ ಒಂದನ್ನೇ ಎಲ್ಲ ಕಡೆ ಬಳಸಿ ಈ ಮೂರನ್ನೂ ಕಲಸುವುದು ನ್ಯಾಯವಲ್ಲ.

ಕೊನೆಗೆ, ನನಗೆ ಬಗೆಹರಿಯದ ಪದ ‘ಶಾಟ್’. ‘50 ಶಾಟ್’ ಅಂದರೆ ಸುಮಾರು 50 ಅಶ್ವಶಕ್ತಿ ಹೆಚ್ಚಿಸುವಷ್ಟು ನೈಟ್ರಸ್. ನಮ್ಮ ಕಿವಿಗೆ ಶಾಟ್ ಅಂದರೆ ಸಿನಿಮಾದ್ದು ಇಲ್ಲವೇ ಕ್ರಿಕೆಟ್ಟಿನದು. ‘50ರ ಡೋಸು’ ಎಂದರೆ ಹೇಗೆ? ಹಳೆಯ ಮಾರುತಿ 800ರ 796 ಸಿಸಿ ಎಂಜಿನ್ ಕೊಡುತ್ತಿದ್ದದ್ದೇ ಸುಮಾರು 37 ಅಶ್ವಶಕ್ತಿ. ಅದಕ್ಕೆ ‘50ರ ಡೋಸು’ ಎಂದೊಡನೆ ಮಿತಿಮೀರಿತು ಎಂದು ಯಾರಿಗಾದರೂ ಹೊಳೆಯುತ್ತದೆ. ಶಾಟ್ ಅಂದರೆ ಹೊಳೆಯುವುದಿಲ್ಲ. ಡ್ರ್ಯಾಗ್ ರೇಸಿಗೆ ಗಾಡಿ ಕಟ್ಟುವವರು ನಿಮ್ಮ ಪರಿಚಯದಲ್ಲಿದ್ದರೆ, ತಮ್ಮತಮ್ಮಲ್ಲಿ ಕನ್ನಡದಲ್ಲಿ ಮಾತಾಡುವಾಗ ಅವರು ಇದಕ್ಕೆ ಏನನ್ನುತ್ತಾರೆ ಎಂದು ಕೇಳಿ ಬರೆಯಿರಿ. ಅವರ ಮಾತು ಬೇರೆ ಇದ್ದರೆ ಡೋಸು ತೆಗೆದು ಅದನ್ನೇ ಹಾಕುತ್ತೇನೆ.